ಚೀಲದಲ್ಲಿ ಮೊದಲು ಏನಿಡಬೇಕು?



ಕೆಲವು ವಾರಗಳ ಹಿಂದೆ, ಭಾನುವಾರದ ಪೂಜೆ ಮುಗಿದ ಮೇಲೆ, ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದರು. ಅವರ ಕೈಯಲ್ಲಿ ಮಡಿಸಿದ ಹಾಳೆಯೊಂದಿತ್ತು. "ಸ್ವಾಮಿ, ಇದನ್ನ ಒಂದ್ಸಲ ಓದಿ ನೋಡಿ. ನಮ್ಮ ಮಾತು ಇವನ ಕಿವಿಗೆ ಬೀಳೋದಿಲ್ಲ, ನೀವಾದ್ರೂ ಹೇಳಿ" ಎಂದರು.

ಹುಡುಗನಿಗೆ ಇಪ್ಪತ್ತೆರಡು ವರ್ಷ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿದ್ದವನು ಕೆಲಸ ಬಿಟ್ಟು ಬಂದಿದ್ದ. ಉತ್ತರದ ಕಡೆಗೆ ಹೋಗಿ, ಹಿಮಾಲಯದ ಕಾಡಿನಲ್ಲಿ ಆರು ತಿಂಗಳು ಒಬ್ಬನೇ ಬದುಕಿ ಬರುವುದು ಅವನ ಆಸೆ. ಹಾಳೆಯಲ್ಲಿದ್ದದ್ದು ಅದಕ್ಕೆ ಬೇಕಾದ ಸಾಮಾನುಗಳ ಪಟ್ಟಿ. ಮೊದಲ ಸಾಲಿನಲ್ಲೇ ಒಂದು ದೊಡ್ಡ ಚಾಕು. ಆಮೇಲೆ ಕೊಡಲಿ, ಬೆಂಕಿ ಹೊತ್ತಿಸುವ ಕಡ್ಡಿ, ಮೀನಿನ ಗಾಳ, ಹಗ್ಗ, ಟೆಂಟ್, ಸೋಲಾರ್ ಚಾರ್ಜರ್. ಒಟ್ಟು ಇಪ್ಪತ್ತೆರಡು ವಸ್ತುಗಳು. ಅವುಗಳಲ್ಲಿ ನಕಾಶೆ ಇರಲಿಲ್ಲ.

"ಒಬ್ಬನೇ ಯಾಕಪ್ಪ?" ಎಂದು ಕೇಳಿದೆವು.

"ಯಾರೂ ಬೇಡ ಫಾದರ್, ಸಾಕಾಗಿದೆ" ಎಂದ. ತಾಯಿ ತಲೆ ತಗ್ಗಿಸಿದರು.

ಅವನನ್ನು ಗದರಿಸಲು ನಮಗೆ ಮನಸ್ಸು ಬರಲಿಲ್ಲ. ನಮ್ಮ ತಾಳವಾಡಿ ಸೀಮೆಯಲ್ಲಿ ಕಾಡು ದೂರದ ಸಂಗತಿಯಲ್ಲ. ರಾತ್ರಿ ಮುಸುಕಿನ ಜೋಳದ ಹೊಲದಲ್ಲಿ ಆನೆ ಕಾಯುತ್ತಾ ಬೆಳೆದ ಮಕ್ಕಳಿಗೆ ಕಾಡಿನ ಭಯವೂ ಗೊತ್ತು, ಸೆಳೆತವೂ ಗೊತ್ತು. ಅದಕ್ಕೇ ಬುದ್ಧಿಮಾತು ಬಿಟ್ಟು, ನಾವು ಓದಿ ತಿಳಿದಿದ್ದ ಇಬ್ಬರ ಕಥೆ ಹೇಳಿದೆವು. ಇಬ್ಬರೂ ಅಮೆರಿಕದವರು, ಇಬ್ಬರೂ ಹೋದದ್ದು ಅಲಾಸ್ಕದ ಕಾಡಿಗೆ. ಒಬ್ಬ ಮರಳಿ ಬರಲಿಲ್ಲ. ಇನ್ನೊಬ್ಬ ಹತ್ತಿರ ಹತ್ತಿರ ಮೂವತ್ತು ವರ್ಷ ಅಲ್ಲಿ ಬಾಳಿದ.

ಮೊದಲನೆಯವನು ಕ್ರಿಸ್ ಮೆಕ್ಯಾಂಡ್‌ಲೆಸ್. 1990ರಲ್ಲಿ ಪದವಿ ಮುಗಿಸಿ, ತನ್ನಲ್ಲಿದ್ದ ಸುಮಾರು 24,000 ಡಾಲರ್ ಹಣವನ್ನು ಹಸಿದವರಿಗಾಗಿ ದುಡಿಯುವ ಸಂಸ್ಥೆಗೆ ಕೊಟ್ಟು ಮನೆ ಬಿಟ್ಟವನು. ಅವನು ದುಷ್ಟನಲ್ಲ, ಸೋಮಾರಿಯೂ ಅಲ್ಲ. 1992ರ ಏಪ್ರಿಲ್ 28ರಂದು, ತನ್ನ 24ನೆಯ ವಯಸ್ಸಿನಲ್ಲಿ, ಅಲಾಸ್ಕದ ಸ್ಟ್ಯಾಂಪೀಡ್ ಹಾದಿಯಲ್ಲಿ ಕಾಡು ಹೊಕ್ಕ. ಬೆನ್ನ ಮೇಲಿದ್ದದ್ದು ಸುಮಾರು ನಾಲ್ಕೂವರೆ ಕಿಲೋ ಅಕ್ಕಿ, ಒಂದು ಸಣ್ಣ ಬಂದೂಕು, ಗುಂಡುಗಳು, ಗಿಡಮೂಲಿಕೆಗಳ ಬಗೆಗಿನ ಒಂದು ಪುಸ್ತಕ, ಇನ್ನೂ ಕೆಲವು ಪುಸ್ತಕಗಳು. ದಿಕ್ಸೂಚಿ ಇರಲಿಲ್ಲ. ಕಾಡಿನ ನಕಾಶೆಯೂ ಇರಲಿಲ್ಲ.

ದಾರಿಯಲ್ಲಿ ಅವನನ್ನು ತನ್ನ ವಾಹನದಲ್ಲಿ ಹತ್ತಿಸಿಕೊಂಡ ಊರಿನವನೊಬ್ಬ ಬಹಳ ಹೇಳಿ ನೋಡಿದ. ಪೇಟೆಗೆ ಕರೆದುಕೊಂಡು ಹೋಗಿ ಒಳ್ಳೆಯ ಸಾಮಾನು ಕೊಡಿಸುತ್ತೇನೆ ಎಂದ. ಹುಡುಗ ಒಪ್ಪಲಿಲ್ಲ. ಎಲ್ಲಿಗೆ ಹೋಗುತ್ತೀಯೆಂದು ಮನೆಯವರಿಗೆ ಗೊತ್ತೇ ಎಂದು ಕೇಳಿದರೆ, ಇಲ್ಲ ಎಂದ. ಕೊನೆಗೆ ಆ ಪುಣ್ಯಾತ್ಮ ತನ್ನ ರಬ್ಬರ್ ಬೂಟುಗಳನ್ನೂ ಮಧ್ಯಾಹ್ನದ ಬುತ್ತಿಯನ್ನೂ ಕೊಟ್ಟು ಕಳುಹಿಸಿದ.

ಕಾಡಿನೊಳಗೆ ಯಾರೋ ಬಿಟ್ಟುಹೋಗಿದ್ದ ಹಳೆಯ ಬಸ್ಸೊಂದು ಅವನಿಗೆ ಮನೆಯಾಯಿತು. ಜೂನ್ 9ರಂದು ಮೂಸ್ ಎಂಬ ದೊಡ್ಡ ಕಡವೆಯಂಥ ಪ್ರಾಣಿಯನ್ನು ಹೊಡೆದ. ತಿಂಗಳುಗಟ್ಟಲೆ ಸಾಲುವಷ್ಟು ಮಾಂಸ ಸಿಕ್ಕಿತು. ಆದರೆ ಅದನ್ನು ಕಾಪಾಡುವ ವಿದ್ಯೆ ಅವನಿಗೆ ತಿಳಿದಿರಲಿಲ್ಲ. ಅಲ್ಲಿನ ಬೇಟೆಗಾರರು ಮಾಂಸವನ್ನು ತೆಳುವಾಗಿ ಸೀಳಿ ಗಾಳಿಗೆ ಒಣಗಿಸುತ್ತಾರೆ. ಇವನು ಹೊಗೆ ಹಾಕಿ ಉಳಿಸಲು ನೋಡಿದ. ಕೆಲವೇ ದಿನಗಳಲ್ಲಿ ಹುಳು ಬಿದ್ದವು. ಬಂದೂಕು ತನ್ನ ಕೆಲಸ ಮಾಡಿತ್ತು. ಕಡಿಮೆಯಾದದ್ದು ತಿಳಿವಳಿಕೆ.

ಜುಲೈ ತಿಂಗಳಲ್ಲಿ ಮನಸ್ಸು ತಿರುಗಿತು, ಊರಿನ ಕಡೆ ಹೊರಟ. ಏಪ್ರಿಲ್‌ನಲ್ಲಿ ಸುಲಭವಾಗಿ ದಾಟಿ ಬಂದಿದ್ದ ಟೆಕ್ಲನಿಕ ನದಿ ಅವನೆದುರು ಭೋರ್ಗರೆಯುತ್ತಿತ್ತು. ಹಿಮನದಿಯಿಂದ ಹುಟ್ಟುವ ಹೊಳೆ ಚಳಿಯಲ್ಲಿ ಸೊರಗುತ್ತದೆ, ಬೇಸಿಗೆಯಲ್ಲಿ ಹಿಮ ಕರಗಿ ಉಕ್ಕುತ್ತದೆ. ನಮ್ಮ ಹಳ್ಳಗಳಿಗೆ ತದ್ವಿರುದ್ಧ. ಅವನು ಬಸ್ಸಿಗೆ ಹಿಂತಿರುಗಿದ. ನಿಂತಿದ್ದ ಜಾಗದಿಂದ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ನೀರಿನ ಮಟ್ಟ ಅಳೆಯುವವರಿಗಾಗಿ ಕಟ್ಟಿದ್ದ ಉಕ್ಕಿನ ಹಗ್ಗದ ಮೇಲೆ ಒಂದು ತೊಟ್ಟಿಲಿತ್ತು. ಅದರಲ್ಲಿ ಕುಳಿತು ನದಿ ದಾಟಬಹುದಿತ್ತು. ವಿವರವಾದ ನಕಾಶೆಯೊಂದು ಕೈಯಲ್ಲಿದ್ದಿದ್ದರೆ ಅದು ಗೊತ್ತಾಗುತ್ತಿತ್ತು.

ಸೆಪ್ಟೆಂಬರ್ 6ರಂದು ಬೇಟೆಗಾರರು ಬಸ್ಸಿನಲ್ಲಿ ಅವನ ದೇಹವನ್ನು ಕಂಡರು. ತೂಕ ಸುಮಾರು 30 ಕಿಲೋ. ತಿಂದ ಬೀಜದಲ್ಲಿ ವಿಷವಿತ್ತೇ ಎಂಬ ಚರ್ಚೆ ಮುಗಿದಿಲ್ಲ, ಹಸಿವಂತೂ ನಿಜ. ಹೆತ್ತವರಿಗೆ ಎರಡು ವರ್ಷಗಳಿಂದ ಮಗನ ಸುದ್ದಿಯೇ ಇರಲಿಲ್ಲ.

ಈ ಮಾತು ಬಂದಾಗ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗ ಅದನ್ನು ನೋಡಿದ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 1996ರಲ್ಲಿ ಅವನ ಬಗ್ಗೆ ಪುಸ್ತಕ ಬಂತು, 2007ರಲ್ಲಿ ಸಿನಿಮಾ ಬಂತು. ಆ ಬಸ್ಸನ್ನು ನೋಡಲು ದೇಶವಿದೇಶಗಳ ಯುವಜನರು ಹೊರಟರು. 2009ರಿಂದ 2017ರವರೆಗೆ ಇಂಥವರನ್ನು ಹುಡುಕಿ ಕಾಪಾಡಲು ಸರ್ಕಾರದವರು 15 ಸಲ ಹೋಗಬೇಕಾಯಿತು. 2010ರಲ್ಲಿ ಒಬ್ಬ ಯುವತಿ, 2019ರಲ್ಲಿ ಇನ್ನೊಬ್ಬ ಯುವತಿ ಅದೇ ನದಿಯಲ್ಲಿ ಕೊಚ್ಚಿಹೋದರು. ಕೊನೆಗೆ 2020ರ ಜೂನ್ 18ರಂದು ಹೆಲಿಕಾಪ್ಟರ್ ತಂದು ಬಸ್ಸನ್ನೇ ಎತ್ತಿಕೊಂಡು ಹೋದರು. ಒಬ್ಬನ ದುಡುಕು ಚೆಂದದ ಕಥೆಯಾದರೆ ಇನ್ನೆಷ್ಟು ಮನೆಗಳ ಬಾಗಿಲು ತಟ್ಟುತ್ತದೆ ನೋಡಿ!

ಇನ್ನು ಎರಡನೆಯವನು ಡಿಕ್ ಪ್ರೆನಕಿ. ಬಡಗಿ ಕೆಲಸ, ಡೀಸೆಲ್ ಎಂಜಿನ್ ಕೆಲಸ ಎರಡನ್ನೂ ಬಲ್ಲವನು. ಕಾಡಿಗೆ ಹೋದಾಗ ಅವನ ವಯಸ್ಸು ಐವತ್ತು ದಾಟಿತ್ತು. ಅವನು ಒಂದೇ ಸಲ ನುಗ್ಗಲಿಲ್ಲ. 1967ರ ಬೇಸಿಗೆಯಲ್ಲಿ ಟ್ವಿನ್ ಲೇಕ್ಸ್ ಎಂಬ ಜೋಡಿ ಸರೋವರದ ದಡದಲ್ಲಿ ಜಾಗ ನೋಡಿದ, ಮನೆಗೆ ಬೇಕಾದ ದಿಮ್ಮಿಗಳನ್ನು ಕಡಿದಿಟ್ಟ, ಹಿಂತಿರುಗಿ ಹೋದ. ಮರುವರ್ಷ ಬಂದು ಕಟ್ಟತೊಡಗಿದ. ತನ್ನ ಮನೆ ಏಳುವವರೆಗೆ ಅಲ್ಲೇ ಇದ್ದ ಗೆಳೆಯನೊಬ್ಬನ ಮನೆಯಲ್ಲಿ ತಂಗಿದ.

ಅವನು ಹೊತ್ತು ತಂದ ಉಪಕರಣಗಳಲ್ಲಿ ಹಲವಕ್ಕೆ ಹಿಡಿಯೇ ಇರಲಿಲ್ಲ. ಹೊರೆ ಕಡಿಮೆಯಾಗಲೆಂದು ಕಬ್ಬಿಣದ ಭಾಗವನ್ನಷ್ಟೇ ತಂದು, ಹಿಡಿಗಳನ್ನು ಅಲ್ಲಿನ ಮರದಲ್ಲೇ ಕೆತ್ತಿಕೊಂಡ. ಖಾಲಿ ತಗಡಿನ ಡಬ್ಬಗಳನ್ನು ಕತ್ತರಿಸಿ ಪಾತ್ರೆ ಮಾಡಿಕೊಂಡ. ಬಾಗಿಲಿನ ಕೀಲನ್ನೂ ಮರದಲ್ಲೇ ಮಾಡಿದ. ಆಹಾರ ಕರಡಿಗೆ ಸಿಗದಂತೆ ಕಂಬಗಳ ಮೇಲೆ ಅಟ್ಟ ಕಟ್ಟಿದ. ಇಷ್ಟೆಲ್ಲ ಬಲ್ಲವನೂ ಮನುಷ್ಯರ ಹಂಗೇ ಬೇಡವೆನ್ನಲಿಲ್ಲ. ಪರಿಚಯದ ವಿಮಾನ ಚಾಲಕನೊಬ್ಬ ಆಗಾಗ ಸರೋವರಕ್ಕೆ ಇಳಿದು ದಿನಸಿಯನ್ನೂ ಕಾಗದಗಳನ್ನೂ ಕೊಟ್ಟು ಹೋಗುತ್ತಿದ್ದ. ಪ್ರೆನಕಿ 1998ರವರೆಗೆ ಅಲ್ಲಿದ್ದು, 2003ರಲ್ಲಿ 86ರ ವಯಸ್ಸಿನಲ್ಲಿ ತೀರಿಕೊಂಡ. ಆ ಮರದ ಮನೆ ಇಂದಿಗೂ ನಿಂತಿದೆ.

ಇಬ್ಬರ ನಡುವಿನ ವ್ಯತ್ಯಾಸ ಚೀಲದ ಭಾರದಲ್ಲಿಲ್ಲ. ಒಬ್ಬನ ಕೈಗೆ ವಿದ್ಯೆಯಿತ್ತು, ಒಬ್ಬ ಚಾಲಕನಿಗೆ ಅವನ ವಿಳಾಸ ಗೊತ್ತಿತ್ತು. ಇನ್ನೊಬ್ಬನಿಗೆ ಧೈರ್ಯ ಬೇಕಾದಷ್ಟಿತ್ತು; ಮರಳುವ ದಾರಿಯನ್ನು ಮಾತ್ರ ಅವನು ಯೋಚಿಸಿರಲಿಲ್ಲ.

ಆಮೇಲೆ ಹುಡುಗನ ಪಟ್ಟಿಯನ್ನು ಕೈಗೆತ್ತಿಕೊಂಡೆವು. ಸಿಯಾಟಲ್ ನಗರದ ಪರ್ವತಾರೋಹಿಗಳ ಸಂಘವೊಂದು 1974ರಲ್ಲಿ ತನ್ನ ಪುಸ್ತಕದಲ್ಲಿ ಹತ್ತು ಅಗತ್ಯ ವಸ್ತುಗಳ ಪಟ್ಟಿ ಅಚ್ಚು ಹಾಕಿಸಿತು. ಅದರಲ್ಲಿ ಮೊದಲನೆಯದು ನಕಾಶೆ, ಎರಡನೆಯದು ದಿಕ್ಸೂಚಿ. ಚಾಕು ಬರುವುದು ಒಂಬತ್ತನೆಯದಾಗಿ. ಮನುಷ್ಯ ಊಟವಿಲ್ಲದೆ ವಾರಗಟ್ಟಲೆ ಇರಬಲ್ಲ, ನೀರಿಲ್ಲದೆ ಮೂರು ದಿನ ಕಷ್ಟ; ಆದರೆ ಮೈ ಒದ್ದೆಯಾಗಿ ಚಳಿಗಾಳಿಗೆ ಸಿಕ್ಕರೆ ಕೆಲವೇ ಗಂಟೆಗಳು ಸಾಕು. ಆದ್ದರಿಂದ ಗಾಳಕ್ಕಿಂತ ಮೊದಲು ಮಳೆಯಂಗಿ, ಉಣ್ಣೆಯ ಬಟ್ಟೆ, ಬೆಚ್ಚಗೆ ಮಲಗುವ ಚೀಲ. ಕೊಡಲಿಗಿಂತ ಮೊದಲು ನೀರು ಕಾಯಿಸುವ ಪಾತ್ರೆ, ಒದ್ದೆಯಾಗದಂತೆ ಕಟ್ಟಿದ ಬೆಂಕಿಪೆಟ್ಟಿಗೆ. ಹೊಸ ಬೂಟು ಕಟ್ಟಿಕೊಂಡು ದೂರ ಹೋಗಬಾರದು. ಒಂದು ತಿಂಗಳು ಹೊಲದಲ್ಲಿ ತೊಟ್ಟು ನಡೆದು ಪಳಗಿಸಬೇಕು. ಮನೆಯ ಹಿತ್ತಲಲ್ಲಿ, ಸುರಿಯುವ ಮಳೆಯಲ್ಲಿ, ಒಂದು ರಾತ್ರಿ ಬಳಸಿ ನೋಡದ ಯಾವ ವಸ್ತುವನ್ನೂ ನಂಬಬಾರದು. ಹಿಮದ ಹೊಳೆಯನ್ನು ದಾಟಲೇಬೇಕಾದರೆ ಮುಂಜಾನೆ ನೀರಿಳಿದಾಗ ದಾಟಬೇಕು. ಮಧ್ಯಾಹ್ನ ಉಕ್ಕಿದ್ದರೆ ದಡದಲ್ಲೇ ಕಾಯಬೇಕು.

"ಸ್ಯಾಟಲೈಟ್ ಫೋನ್ ತಗೊಂಡ್ರೆ ಆಯ್ತಲ್ಲ ಫಾದರ್?" ಎಂದ. ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರೆ ಎಂದೆವು. ಹುಲಿ ಸಂರಕ್ಷಣಾ ಪ್ರದೇಶಕ್ಕೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದು ನಮ್ಮೂರಿನ ಮಗುವಿಗೂ ಗೊತ್ತು.

ಬೇರೆಯವರ ತಪ್ಪನ್ನು ಹೇಳುವುದು ಸುಲಭ. ಸೆಮಿನರಿಯಲ್ಲಿದ್ದಾಗ ನಾವೂ ಒಂದು ರಜಾದಿನ ಇಬ್ಬರು ಗೆಳೆಯರೊಂದಿಗೆ ಯಾರಿಗೂ ಹೇಳದೆ ಬೆಟ್ಟ ಹತ್ತಿದ್ದೆವು. ಟಾರ್ಚ್ ಇಲ್ಲ, ನೀರು ಒಂದೇ ಬಾಟಲಿ. ತುದಿ ಮುಟ್ಟಲೇಬೇಕೆಂಬ ಹಟದಲ್ಲಿ ಹೊತ್ತು ಮುಳುಗಿತು. ಕತ್ತಲಲ್ಲಿ ದಾರಿ ತಪ್ಪಿ, ಕಲ್ಲಿನಿಂದ ಕಲ್ಲಿಗೆ ಕುಳಿತುಕೊಂಡೇ ಇಳಿಯುತ್ತಿದ್ದಾಗ, ತಪ್ಪಿಸಿಕೊಂಡ ಹಸುವನ್ನು ಹುಡುಕುತ್ತಾ ಬಂದ ಅಜ್ಜ ಒಬ್ಬರು ನಮ್ಮನ್ನು ಕೆಳಗಿಳಿಸಿದರು. "ಹಸು ಕಳೆದ್ರೆ ಹುಡುಕೋಕೆ ನಾನಿದ್ದೀನಿ. ನೀವು ಕಳೆದ್ರೆ ಯಾರಿಗೆ ಗೊತ್ತು?" ಎಂದರು. ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ.

2022ರ ಫೆಬ್ರವರಿಯಲ್ಲಿ ಪಾಲಕ್ಕಾಡ್ ಜಿಲ್ಲೆಯ ಮಲಂಪುಳದ ಬಳಿ ಬೆಟ್ಟ ಹತ್ತಿದ ಯುವಕನೊಬ್ಬ ಜಾರಿ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡದ್ದು ನಿಮಗೆ ನೆನಪಿರಬಹುದು. ಅನ್ನನೀರಿಲ್ಲದೆ ನಲವತ್ತು ಗಂಟೆಗೂ ಹೆಚ್ಚು ಅಲ್ಲೇ ಇದ್ದ. ಸೈನಿಕರು ಹಗ್ಗ ಇಳಿಸಿ ಮೇಲೆತ್ತಿದರು. ಜೊತೆಗಿದ್ದ ಗೆಳೆಯರು ಕೆಳಗೋಡಿ ಸುದ್ದಿ ಮುಟ್ಟಿಸಿದ್ದರಿಂದ ಅವನು ಉಳಿದ. ಅವನ ಜೀವ ಉಳಿಸಿದ ಸಾಮಾನು ಯಾವುದೆಂದು ಕೇಳಿದರೆ, ಗೆಳೆಯರೇ ಎನ್ನಬೇಕು.

ಅಪಾಯವಿಲ್ಲದ ಬದುಕಿಲ್ಲ, ಹೊಲಕ್ಕೆ ರಾತ್ರಿ ಕಾವಲು ಹೋಗುವುದೂ ಅಪಾಯವೇ. ಆದರೆ ಕಾವಲಿಗೆ ಹೋಗುವವನು ಪಕ್ಕದ ಹೊಲದವನಿಗೆ ಕೂಗು ಹಾಕಿ ಹೋಗುತ್ತಾನೆ. ಮರಳುವ ದಾರಿಯನ್ನು ತಾನೇ ಮುಚ್ಚಿಕೊಂಡು ಹೋಗುವುದು ಸಾಹಸವಲ್ಲ, ಹುಂಬತನ.

ಹುಡುಗ ಪಟ್ಟಿಯನ್ನು ವಾಪಸು ತೆಗೆದುಕೊಂಡು ಹೋದ. ಮುಂದಿನ ವಾರ ಒಬ್ಬನೇ ಬಂದ. ತಿರುಪ್ಪೂರಿನಲ್ಲಿ ಏನಾಯಿತೆಂದು ಒಂದು ಗಂಟೆ ಹೇಳಿಕೊಂಡ. ಅದು ನಮ್ಮಿಬ್ಬರಲ್ಲೇ ಇರಲಿ. ಕಾಡಿನ ಆಸೆ ಅವನನ್ನು ಬಿಟ್ಟಿಲ್ಲ, ಬಿಡಬೇಕೆಂದು ನಾವೂ ಹೇಳಲಿಲ್ಲ. ಮೊದಲು ಪರ್ವತಾರೋಹಣ ಕಲಿಸುವ ಶಾಲೆಯೊಂದರಲ್ಲಿ ತರಬೇತಿ ಪಡೆಯುತ್ತೇನೆ ಎಂದಿದ್ದಾನೆ. ಹೋಗುವ ಜಾಗ, ದಾರಿ, ಮರಳುವ ದಿನ ಎಲ್ಲವನ್ನೂ ಬರೆದು ಅಡುಗೆಮನೆಯ ಕ್ಯಾಲೆಂಡರಿಗೆ ಸಿಕ್ಕಿಸಿ ಹೋಗುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದಾನೆ.

ತಂದೆತಾಯಂದಿರೇ, ಮಕ್ಕಳು ದೂರ ಹೊರಟಾಗ ಚೀಲದಲ್ಲಿ ಏನಿದೆ ಎಂದು ನೋಡಿ. ಜೊತೆಗೆ, ಯಾಕೆ ಹೊರಟಿದ್ದಾರೆ ಎಂದೂ ಕೇಳಿ. ಯುವಜನರೇ, ಹೋಗಿ ಬನ್ನಿ. ನಮ್ಮ ಭಾಷೆಯಲ್ಲಿ ಬರೀ 'ಹೋಗುತ್ತೇನೆ' ಎಂದರೆ ಹಿರಿಯರು ಒಪ್ಪುವುದಿಲ್ಲ. 'ಹೋಗಿ ಬರ್ತೀನಿ' ಎನ್ನಬೇಕು. ಚೀಲ ತುಂಬುವಾಗ ಆ 'ಬರ್ತೀನಿ'ಯನ್ನು ಮೊದಲು ಇಡಿ.