ಒಳಬರಲು ಒಂದೇ ಬಾಗಿಲು, ಎಡವಿದವರಿಗೆ ದಾರಿ ಯಾವುದು?

ಬೆಂಗಳೂರು: ದೇಶದ ಪ್ರತಿಷ್ಠಿತ ಶಿಕ್ಷಣ ಸಂಸ್ಥೆಗಳಲ್ಲಿ ಸೀಟು ಗಿಟ್ಟಿಸುವುದು ಎಷ್ಟು ಕಷ್ಟ ಎಂಬುದು ಪೋಷಕರೆಲ್ಲರಿಗೂ ಗೊತ್ತು. ಆದರೆ ಒಳಹೊಕ್ಕ ಮೇಲೆ ಅಲ್ಲಿ ನೆಮ್ಮದಿಯಿಂದ ಉಳಿಯುವುದು ಎಷ್ಟು ಕಷ್ಟ ಎಂಬ ಪ್ರಶ್ನೆ ಚರ್ಚೆಗೆ ಬರುವುದು ವಿದ್ಯಾರ್ಥಿಯೊಬ್ಬನ ಸಾವು ಸುದ್ದಿಯಾದಾಗ ಮಾತ್ರ. ಆಗ ಸಮಿತಿ ರಚನೆಯಾಗುತ್ತದೆ, ಆಪ್ತಸಮಾಲೋಚಕರ ಸಂಖ್ಯೆ ಹೆಚ್ಚಿಸುವ ಭರವಸೆ ಹೊರಬೀಳುತ್ತದೆ, ಮುಂದಿನ ಸೆಮಿಸ್ಟರ್ ಆರಂಭವಾಗುವ ವೇಳೆಗೆ ಎಲ್ಲವೂ ಹಿಂದಿನಂತೆಯೇ ಸಾಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಪರಿಪಾಠಕ್ಕೆ ಸುಪ್ರೀಂ ಕೋರ್ಟ್ 2025ರಲ್ಲಿ ತಡೆ ಒಡ್ಡಲು ಯತ್ನಿಸಿತು.

ದೆಹಲಿ ಐಐಟಿಯಲ್ಲಿ 2023ರಲ್ಲಿ ಮೃತಪಟ್ಟ ಇಬ್ಬರು ವಿದ್ಯಾರ್ಥಿಗಳ ಪೋಷಕರ ಮೇಲ್ಮನವಿಯ ವಿಚಾರಣೆ ನಡೆಸಿದ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರಿದ್ದ ಪೀಠ, 2025ರ ಮಾರ್ಚ್ 24ರಂದು ಎಫ್‌ಐಆರ್ ದಾಖಲಿಸುವಂತೆ ಪೊಲೀಸರಿಗೆ ನಿರ್ದೇಶನ ನೀಡಿತು. ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಅಧ್ಯಯನಕ್ಕೆ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನೂ ರಚಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಾಧ್ಯಾಪಕರೊಬ್ಬರಿಗೂ ಅದರಲ್ಲಿ ಸ್ಥಾನ ದೊರೆಯಿತು. ಅದೇ ವರ್ಷದ ಜುಲೈ 25ರಂದು ಆಂಧ್ರಪ್ರದೇಶದ ಮತ್ತೊಂದು ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ವಿಕ್ರಂ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ, ಮಾನಸಿಕ ಆರೋಗ್ಯವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಅವಿಭಾಜ್ಯ ಅಂಗ ಎಂದು ಸಾರಿ 15 ಮಾರ್ಗಸೂಚಿಗಳನ್ನು ನೀಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು ಇರಲೇಬೇಕು ಎಂಬುದು ಅವುಗಳಲ್ಲಿ ಒಂದು.

ನ್ಯಾಯಾಲಯದ ಮಧ್ಯಪ್ರವೇಶ ಸ್ವಾಗತಾರ್ಹವೇ. ಆದರೆ ಸಮಾಲೋಚಕರ ನೇಮಕದಿಂದಲೇ ಸಮಸ್ಯೆ ಬಗೆಹರಿಯುವುದೇ ಎಂಬುದು ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದರೆ ವಿದ್ಯಾರ್ಥಿಯ ಮನಸ್ಸಿನಷ್ಟೇ ಸಂಸ್ಥೆಯ ಕಾರ್ಯವಿಧಾನವನ್ನೂ ಪರೀಕ್ಷಿಸಬೇಕಾಗುತ್ತದೆ.

ಅಂಕಿ-ಅಂಶ ಹೇಳುವುದೇನು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2023ರಲ್ಲಿ ದೇಶದಲ್ಲಿ 13,892 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಹಿಂದಿನ ವರ್ಷ ಈ ಸಂಖ್ಯೆ 13,044 ಆಗಿತ್ತು. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ರಾಜ್ಯಸಭೆಗೆ ನೀಡಿದ ಮಾಹಿತಿಯಂತೆ 2018ರಿಂದ ಅಲ್ಲಿಯವರೆಗೆ ಐಐಟಿ, ಎನ್‌ಐಟಿ ಹಾಗೂ ಐಐಎಂಗಳಲ್ಲಿ 61 ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡಿದ್ದರು. ಅವರಲ್ಲಿ 33 ಮಂದಿ ಐಐಟಿಗಳಿಗೆ ಸೇರಿದವರು.

ಒಟ್ಟು ಸಂಖ್ಯೆಗೆ ಹೋಲಿಸಿದರೆ ಪ್ರತಿಷ್ಠಿತ ಸಂಸ್ಥೆಗಳ ಪಾಲು ಚಿಕ್ಕದು. ಹೀಗಾಗಿ ಐಐಟಿಗಳೇ ಅತಿ ಅಪಾಯಕಾರಿ ಎಂದು ಷರಾ ಬರೆಯುವುದು ತಪ್ಪಾಗುತ್ತದೆ. ಆದರೆ ಸಾವಿನ ಲೆಕ್ಕವೊಂದೇ ಸಂಕಟದ ಅಳತೆಗೋಲಲ್ಲ. ನಿದ್ದೆಗೆಟ್ಟ ರಾತ್ರಿಗಳು, ಬಾಕಿ ಉಳಿದ ವಿಷಯಗಳು, ಮನೆಗೆ ಹೇಳದೆ ಮುಚ್ಚಿಟ್ಟ ಅನುತ್ತೀರ್ಣತೆ, ಅರ್ಧಕ್ಕೆ ಬಿಟ್ಟ ಓದು ಇವಾವುವೂ ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಓದು ಬಿಟ್ಟವರ ಬಗ್ಗೆ ಸಂಸತ್ತಿನಲ್ಲೇ ಉತ್ತರ ದೊರೆತಿದೆ. ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ ಮತ್ತು ಐಐಎಂಗಳಿಂದ ಐದು ವರ್ಷಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳ 13,626 ವಿದ್ಯಾರ್ಥಿಗಳು ಹೊರನಡೆದಿದ್ದಾರೆ ಎಂದು ಸರ್ಕಾರ 2023ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಐಐಟಿಗಳ ಪಾಲು 3,542. ವಿದ್ಯಾರ್ಥಿಗಳಿಗೆ ಹಲವು ಆಯ್ಕೆಗಳಿದ್ದು, ಅವರು ಬೇರೆ ಕೋರ್ಸು ಅಥವಾ ಸಂಸ್ಥೆಗೆ ವಲಸೆ ಹೋಗುತ್ತಾರೆ ಎಂಬುದು ಸರ್ಕಾರದ ವಿವರಣೆ. ಕೆಲವರ ಮಟ್ಟಿಗೆ ಅದು ನಿಜವಿರಬಹುದು. ಆದರೆ ಲಕ್ಷಾಂತರ ಮಂದಿಯ ಸ್ಪರ್ಧೆಯಲ್ಲಿ ಗೆದ್ದು ಪಡೆದ ಸೀಟನ್ನು ಸಾವಿರಾರು ಜನ ಹಗುರ ಮನಸ್ಸಿನಿಂದ ಬಿಟ್ಟುಕೊಟ್ಟರು ಎಂದು ನಂಬುವುದು ಕಷ್ಟ.

ಮೊದಲಿಗ ಮಧ್ಯಮನಾದಾಗ

ಐಐಟಿಗಳ ಸುಮಾರು 18 ಸಾವಿರ ಸೀಟುಗಳಿಗಾಗಿ ಪ್ರತಿ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಜೆಇಇ ಮೊದಲ ಹಂತ ಎದುರಿಸುತ್ತಾರೆ. ಆಯ್ಕೆಯಾದವರಲ್ಲಿ ಬಹುತೇಕ ಎಲ್ಲರೂ ತಮ್ಮ ಶಾಲೆಗೆ, ತಾಲ್ಲೂಕಿಗೆ, ಕೆಲವೊಮ್ಮೆ ಜಿಲ್ಲೆಗೇ ಮೊದಲಿಗರು. ಇಂಥವರನ್ನೆಲ್ಲ ಒಂದೇ ತರಗತಿಯಲ್ಲಿ ಕೂರಿಸಿದಾಗ ಅರ್ಧದಷ್ಟು ಮಂದಿ ಸರಾಸರಿಗಿಂತ ಕೆಳಗೆ ಉಳಿಯುವುದು ಲೆಕ್ಕಾಚಾರದ ಅನಿವಾರ್ಯ ಫಲ. ಅದಕ್ಕೆ ಯಾರ ಸೋಮಾರಿತನವೂ ಬೇಕಿಲ್ಲ.

ಮನೋವಿಜ್ಞಾನಿಗಳಾದ ಹರ್ಬರ್ಟ್ ಮಾರ್ಷ್ ಮತ್ತು ಜಾನ್ ಪಾರ್ಕರ್ 1984ರಲ್ಲೇ ಈ ವಿದ್ಯಮಾನವನ್ನು ವಿವರಿಸಿದ್ದರು. ಸಮಾನ ಸಾಮರ್ಥ್ಯದ ಇಬ್ಬರಲ್ಲಿ ಹೆಚ್ಚು ಪ್ರತಿಭಾವಂತರ ಗುಂಪಿಗೆ ಸೇರಿದವನು ತನ್ನನ್ನು ತಾನು ಕೀಳಾಗಿ ಅಂದಾಜಿಸಿಕೊಳ್ಳುತ್ತಾನೆ ಎಂಬುದು ಅದರ ಸಾರ. ಸಹಪಾಠಿಗಳ ಅಂಕಗಳಿಗೆ ಹೋಲಿಸಿ ಗ್ರೇಡ್ ನೀಡುವ ಪದ್ಧತಿ ಈ ಭಾವನೆಗೆ ಅಧಿಕೃತ ಮುದ್ರೆ ಒತ್ತುತ್ತದೆ. ಸಹಪಾಠಿಯ ಏಳಿಗೆಯೇ ತನ್ನ ಇಳಿಕೆ ಎನಿಸುವ ವಾತಾವರಣದಲ್ಲಿ ‘ಅರ್ಥವಾಗಲಿಲ್ಲ’ ಎಂದು ಬಾಯಿಬಿಟ್ಟು ಕೇಳುವುದೂ ಸೋಲಾಗಿ ತೋರುತ್ತದೆ.

ಪಿಯುಸಿಗೆ ಮುನ್ನವೇ ಆರಂಭವಾಗುವ ಕೋಚಿಂಗ್ ಇದಕ್ಕೆ ಇನ್ನಷ್ಟು ಭಾರ ಸೇರಿಸುತ್ತದೆ. ಆಟ, ಗೆಳೆತನ, ಹವ್ಯಾಸಗಳನ್ನೆಲ್ಲ ಬದಿಗೊತ್ತಿ ಬಂದವನಿಗೆ ರ್‍ಯಾಂಕ್ ಹೊರತು ತನ್ನದೆನ್ನುವ ಬೇರೊಂದು ಗುರುತು ಉಳಿದಿರುವುದಿಲ್ಲ. ಆ ಗುರುತೂ ಕುಸಿದಾಗ ಆಸರೆಯಾಗಿ ಹಿಡಿಯಲು ಏನೂ ಇರುವುದಿಲ್ಲ.

ಹಣ, ಭಾಷೆ, ಜಾತಿ

ಎಲ್ಲರ ಹೊರೆಯೂ ಒಂದೇ ತೂಕದ್ದಲ್ಲ. ಐಐಟಿಗಳ ಬಿ.ಟೆಕ್ ವಾರ್ಷಿಕ ಬೋಧನಾ ಶುಲ್ಕವನ್ನು 2016ರಲ್ಲಿ 90 ಸಾವಿರ ರೂಪಾಯಿಯಿಂದ 2 ಲಕ್ಷ ರೂಪಾಯಿಗೆ ಏರಿಸಲಾಯಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಹಾಗೂ ಕಡು ಬಡ ಕುಟುಂಬದವರಿಗೆ ಪೂರ್ಣ ವಿನಾಯಿತಿ ಇದೆ ನಿಜ. ಆದರೆ ಮಧ್ಯಮ ವರ್ಗದ ಅನೇಕ ಕುಟುಂಬಗಳಿಗೆ ಬ್ಯಾಂಕ್ ಸಾಲವೇ ಗತಿ. ಸಾಲದ ಕಂತು ತೀರಬೇಕಾದರೆ ಕ್ಯಾಂಪಸ್‌ನಲ್ಲೇ ಉದ್ಯೋಗ ದೊರೆಯಬೇಕು. 2021-22 ಮತ್ತು 2023-24ರ ನಡುವೆ ಬಹುತೇಕ ಐಐಟಿಗಳಲ್ಲಿ ಉದ್ಯೋಗ ನೇಮಕಾತಿ ಇಳಿದಿದೆ ಎಂದು ಸಂಸದೀಯ ಸ್ಥಾಯಿ ಸಮಿತಿ 2025ರಲ್ಲಿ ಗಮನ ಸೆಳೆದಿತ್ತು. ನೌಕರಿಯ ಖಾತರಿ ಸಡಿಲಗೊಂಡರೂ ಸಾಲದ ಕರಾರು ಸಡಿಲಗೊಳ್ಳುವುದಿಲ್ಲ.

ಬಡವರ ಪಾಲಿಗೆ ಈ ಹಾದಿ ಎಷ್ಟು ಇಕ್ಕಟ್ಟಿನದು ಎಂಬುದಕ್ಕೆ 2024ರ ಪ್ರಕರಣವೊಂದು ಸಾಕ್ಷಿ. ಉತ್ತರಪ್ರದೇಶದ ದಿನಗೂಲಿ ಕಾರ್ಮಿಕರೊಬ್ಬರ ಮಗ, ಪರಿಶಿಷ್ಟ ಜಾತಿಯ ಯುವಕ, 17,500 ರೂಪಾಯಿ ಸೀಟು ಸ್ವೀಕಾರ ಶುಲ್ಕವನ್ನು ಗಡುವಿನೊಳಗೆ ಕಟ್ಟಲಾಗದೆ ಧನಬಾದ್ ಐಐಟಿಯ ಸೀಟು ಕಳೆದುಕೊಂಡಿದ್ದ. ಕೊನೆಗೆ ಸುಪ್ರೀಂ ಕೋರ್ಟ್ ತನ್ನ ವಿಶೇಷಾಧಿಕಾರ ಬಳಸಿ ಪ್ರವೇಶ ಕೊಡಿಸಬೇಕಾಯಿತು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಗ್ರಾಮೀಣ ವಿದ್ಯಾರ್ಥಿಗೆ ಮೊದಲ ಸೆಮಿಸ್ಟರ್‌ನಲ್ಲಿ ಎರಡು ಪರೀಕ್ಷೆಗಳು: ಒಂದು ವಿಷಯದ್ದು, ಮತ್ತೊಂದು ಇಂಗ್ಲಿಷಿನದು. ಗಣಿತ ತಿಳಿದಿದ್ದರೂ ಉಪನ್ಯಾಸದ ವೇಗಕ್ಕೆ ಕಿವಿ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಮೊದಲ ಗ್ರೇಡ್ ಪಟ್ಟಿ ಪ್ರಕಟವಾಗಿರುತ್ತದೆ.

ಜಾತಿಯ ಪ್ರಶ್ನೆಯಂತೂ ಹೊಸದಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳ ವಿರುದ್ಧದ ತಾರತಮ್ಯದ ದೂರುಗಳನ್ನು ಪರಿಶೀಲಿಸಿದ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ನೀಡಿ, ತರಗತಿಯಿಂದ ಹಾಸ್ಟೆಲ್‌ವರೆಗೆ ಪ್ರತ್ಯೇಕತೆ ಹಬ್ಬಿರುವುದನ್ನು ದಾಖಲಿಸಿತ್ತು. ‘ನಿನ್ನ ರ್‍ಯಾಂಕ್ ಎಷ್ಟು?’ ಎಂಬ ಸರಳ ಪ್ರಶ್ನೆಯೇ ಇಂದಿಗೂ ಜಾತಿ ಕೇಳುವ ಸಭ್ಯ ವಿಧಾನವಾಗಿ ಬಳಕೆಯಲ್ಲಿದೆ. 2014ರಿಂದ 2021ರವರೆಗೆ ಕೇಂದ್ರದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಆತ್ಮಹತ್ಯೆ ಮಾಡಿಕೊಂಡ 122 ವಿದ್ಯಾರ್ಥಿಗಳಲ್ಲಿ 24 ಮಂದಿ ಪರಿಶಿಷ್ಟ ಜಾತಿ, 3 ಮಂದಿ ಪರಿಶಿಷ್ಟ ಪಂಗಡ, 41 ಮಂದಿ ಹಿಂದುಳಿದ ವರ್ಗಗಳಿಗೆ ಸೇರಿದವರು ಎಂದು ಸರ್ಕಾರ ಲೋಕಸಭೆಗೆ ತಿಳಿಸಿದೆ. ಈ ವರ್ಗಗಳ ಮೀಸಲು ಸೀಟುಗಳೇ ಶೇ 49.5ರಷ್ಟಿರುವುದರಿಂದ ಈ ಅಂಕಿಯೊಂದರಿಂದ ಅಂತಿಮ ತೀರ್ಮಾನಕ್ಕೆ ಬರಲಾಗದು. ಆದರೆ ಪ್ರತಿ ಸಾವಿನ ತನಿಖೆಯಲ್ಲೂ ತಾರತಮ್ಯದ ಪ್ರಶ್ನೆಯನ್ನು ಕೇಳಲೇಬೇಕು ಎಂಬುದಕ್ಕೆ ಅದು ಸಾಕಷ್ಟು ಕಾರಣ ಒದಗಿಸುತ್ತದೆ.

ಸಂಶೋಧಕರ ಸಂಕಷ್ಟ

ಅದೇ 122ರ ಪಟ್ಟಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಸರ್‌ಗಳ 9 ವಿದ್ಯಾರ್ಥಿಗಳೂ ಇದ್ದರು. ಪಿಎಚ್.ಡಿ. ಮಾಡುವವರ ಒತ್ತಡದ ಸ್ವರೂಪವೇ ಬೇರೆ. ಐದಾರು ವರ್ಷಗಳ ಶ್ರಮದ ಫಲ ಒಬ್ಬ ಮಾರ್ಗದರ್ಶಕರ ಸಹಿಯನ್ನು ಅವಲಂಬಿಸಿರುತ್ತದೆ. ಮಾರ್ಗದರ್ಶಕರೊಂದಿಗೆ ಸಂಬಂಧ ಹಳಸಿದರೆ ದೂರು ಹೇಳಬೇಕಾದುದು ಅವರದೇ ವಿಭಾಗದ ಸಹೋದ್ಯೋಗಿಗಳ ಮುಂದೆ. ಕಿರಿಯ ಸಂಶೋಧಕರ ಮಾಸಿಕ ಫೆಲೋಶಿಪ್ 2023ರಲ್ಲಿ 37 ಸಾವಿರ ರೂಪಾಯಿಗೆ ಏರಿತಾದರೂ, ಮೂವತ್ತರ ಹೊಸ್ತಿಲಲ್ಲಿರುವವರಿಗೆ ಮದುವೆ, ಮನೆಯ ಜವಾಬ್ದಾರಿ, ಮುಂದಿನ ಉದ್ಯೋಗ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ.

ಸುಧಾರಣೆಯ ಯತ್ನಗಳು

ಸಂಸ್ಥೆಗಳು ಕೈಕಟ್ಟಿ ಕುಳಿತಿವೆ ಎನ್ನಲಾಗದು. ದೆಹಲಿ ಐಐಟಿ 2023ರಲ್ಲಿ ಸೆಮಿಸ್ಟರ್ ನಡುವಿನ ಎರಡು ಸುತ್ತಿನ ಪರೀಕ್ಷೆಗಳಲ್ಲಿ ಒಂದನ್ನು ಕೈಬಿಟ್ಟಿತು. ಖರಗ್‌ಪುರ ಐಐಟಿ 2025ರಲ್ಲಿ ವಿದ್ಯಾರ್ಥಿ ಕ್ಷೇಮಕ್ಕೆಂದೇ ಪ್ರತ್ಯೇಕ ಡೀನ್ ಹುದ್ದೆ ಸೃಷ್ಟಿಸಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆ 2021ರ ಸರಣಿ ಸಾವುಗಳ ಬಳಿಕ ವಸತಿನಿಲಯಗಳಲ್ಲಿ ಸುರಕ್ಷತಾ ಮಾರ್ಪಾಡುಗಳನ್ನು ಕೈಗೊಂಡಿತು. ಆವೇಶದ ಕ್ಷಣವೊಂದನ್ನು ದಾಟಿಸಲು ಇಂಥ ಮಾರ್ಪಾಡುಗಳು ನೆರವಾಗುತ್ತವೆ ಎಂಬುದು ತಜ್ಞರ ಮಾತು. ಆದರೆ ಆ ಕ್ಷಣದವರೆಗೆ ವಿದ್ಯಾರ್ಥಿಯನ್ನು ತಂದು ನಿಲ್ಲಿಸಿದ ತಿಂಗಳುಗಳಿಗೆ ಅವು ಉತ್ತರವಲ್ಲ.

ಸಮಾಲೋಚನಾ ಕೇಂದ್ರಗಳಿಗೂ ಮಿತಿಯಿದೆ. ಸಮಾಲೋಚಕರು ಸಂಸ್ಥೆಯ ಆಡಳಿತಕ್ಕೇ ಅಧೀನರಾಗಿದ್ದರೆ, ಹೇಳಿಕೊಂಡ ವಿಷಯ ವಿಭಾಗದ ಮುಖ್ಯಸ್ಥರ ಕಿವಿಗೆ ಬಿದ್ದೀತು ಎಂಬ ಅಂಜಿಕೆಯಿಂದಲೇ ಅನೇಕರು ಆ ಕಡೆ ಸುಳಿಯುವುದಿಲ್ಲ. ಗೋಪ್ಯತೆಯು ರೋಗಿಯ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಆ ಹಕ್ಕಿನ ಬಗ್ಗೆ ನಂಬಿಕೆ ಮೂಡಿಸುವ ಹೊಣೆ ಸಂಸ್ಥೆಯದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, ವಿವಿಧ ಮಾನಸಿಕ ಸಮಸ್ಯೆಗಳಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲ ಎಂದು ತೋರಿಸಿತ್ತು. ಇದೇ ಸಮಾಜದಿಂದ ಬಂದ ವಿದ್ಯಾರ್ಥಿ ಕ್ಯಾಂಪಸ್ ಪ್ರವೇಶಿಸಿದ ಮಾತ್ರಕ್ಕೆ ಸಂಕೋಚ ತೊರೆದುಬಿಡುತ್ತಾನೆ ಎಂದು ನಿರೀಕ್ಷಿಸುವುದು ಸಾಧ್ಯವಿಲ್ಲ.

ಮರಳಿ ಬರುವ ಹಾದಿ

ಸಂಸ್ಥೆಯ ನಿಜವಾದ ಪರೀಕ್ಷೆ ನಡೆಯುವುದು ವಿದ್ಯಾರ್ಥಿ ಎಡವಿದಾಗ. ರೂರ್ಕಿ ಐಐಟಿ 2015ರಲ್ಲಿ ಕನಿಷ್ಠ ಸಿಜಿಪಿಎ ಗಳಿಸಲಿಲ್ಲವೆಂದು ಮೊದಲ ವರ್ಷದ 70ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಮ್ಮೆಲೇ ಹೊರಹಾಕಿತ್ತು. ದೇಶವ್ಯಾಪಿ ಚರ್ಚೆಯ ನಂತರ ಅವರಿಗೆ ಮತ್ತೊಂದು ಅವಕಾಶ ದೊರೆಯಿತು. ಆದರೆ ಒಂದೇ ವರ್ಷದಲ್ಲಿ ಅಷ್ಟೊಂದು ಮಂದಿ ಹಿಂದೆ ಬಿದ್ದುದಕ್ಕೆ ಬೋಧನೆಯಲ್ಲೂ ಕಾರಣವಿದ್ದೀತೇ ಎಂಬ ಪ್ರಶ್ನೆ ಹಿನ್ನೆಲೆಗೆ ಸರಿಯಿತು. ಹಿಂದುಳಿದವರು ಮೂರು ವರ್ಷಕ್ಕೆ ಬಿ.ಎಸ್‌ಸಿ. ಪದವಿಯೊಂದಿಗೆ ನಿರ್ಗಮಿಸಲು ಅವಕಾಶ ನೀಡುವ ವಿಚಾರ 2019ರಲ್ಲಿ ಐಐಟಿ ಮಂಡಳಿಯಲ್ಲಿ ಚರ್ಚೆಗೆ ಬಂತು. ಗೌರವದ ನಿರ್ಗಮನ ಅಗತ್ಯವೇ. ಅದಕ್ಕಿಂತ ಅಗತ್ಯವಾದುದು ಗೌರವದ ಪುನರಾಗಮನ.

ಈ ವಿಷಯದಲ್ಲಿ ಹೊರದೇಶದ ಅನುಭವವೊಂದು ಪಾಠವಾಗಬಲ್ಲದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮಾನಸಿಕ ಅಸ್ವಸ್ಥತೆಯ ಕಾರಣಕ್ಕೆ ಓದು ನಿಲ್ಲಿಸಿದವರು ಪ್ರವೇಶವನ್ನೇ ಹಿಂತೆಗೆದುಕೊಂಡು, ಆನಂತರ ಮತ್ತೆ ಅರ್ಜಿ ಹಾಕಿಕೊಳ್ಳಬೇಕಿತ್ತು. ಈ ಭಯದಿಂದ ಅನೇಕರು ನೋವನ್ನು ಬಚ್ಚಿಡುತ್ತಿದ್ದಾರೆ ಎಂದು ವಿದ್ಯಾರ್ಥಿಗಳು 2022ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2023ರಲ್ಲಿ ವಿಶ್ವವಿದ್ಯಾಲಯ ನಿಯಮ ಬದಲಿಸಿ ಅದನ್ನು ರಜೆ ಎಂದು ಪರಿಗಣಿಸಿತು, ಮರಳುವ ವಿಧಾನವನ್ನು ಸರಳಗೊಳಿಸಿತು, ಅಗತ್ಯವಿದ್ದವರಿಗೆ ಕಡಿಮೆ ವಿಷಯಗಳೊಂದಿಗೆ ಓದು ಮುಂದುವರಿಸುವ ಅವಕಾಶವನ್ನೂ ನೀಡಿತು. ಸಹಾಯ ಕೇಳಿದರೆ ಸೀಟು ಹೋಗುತ್ತದೆ ಎಂಬ ಭಯ ಇರುವವರೆಗೆ ಎಷ್ಟು ಸಮಾಲೋಚಕರಿದ್ದರೂ ವ್ಯರ್ಥ ಎಂಬುದನ್ನು ಅಲ್ಲಿನ ಬೆಳವಣಿಗೆ ತೋರಿಸಿಕೊಟ್ಟಿತು.

ನಮ್ಮಲ್ಲೂ ಆಗಬೇಕಾದುದು ಇದೇ. ಮೊದಲ ಸೆಮಿಸ್ಟರ್‌ನ ಗ್ರೇಡನ್ನು ಒಟ್ಟು ಸರಾಸರಿಯಿಂದ ಹೊರಗಿಡುವುದು, ಒಂದು ವರ್ಷ ಬಿಡುವು ಪಡೆದವರ ಶುಲ್ಕ ವಿನಾಯಿತಿ ಹಾಗೂ ಹಾಸ್ಟೆಲ್ ಕೊಠಡಿಯನ್ನು ಕಾಯ್ದಿರಿಸುವುದು, ಸಂಶೋಧಕರು ಮಾರ್ಗದರ್ಶಕರನ್ನು ಬದಲಿಸಲು ವಿಭಾಗದ ಹೊರಗಿನ ಸಮಿತಿಗೆ ಅಧಿಕಾರ ನೀಡುವುದು, ಸಾವು ಹಾಗೂ ನಿರ್ಗಮನದ ಅಂಕಿ-ಅಂಶವನ್ನು ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪ್ರಕಟಿಸುವುದು ಇವಾವುವೂ ಕೋಟಿಗಟ್ಟಲೆ ವೆಚ್ಚದ ಕಾರ್ಯಕ್ರಮಗಳಲ್ಲ. ಆಡಳಿತದ ಮನಸ್ಸು ಬದಲಾಗಬೇಕು, ಅಷ್ಟೆ.

ಪೋಷಕರ ಪಾತ್ರವೂ ಸಣ್ಣದಲ್ಲ. ಸುರತ್ಕಲ್ಲಿನ ಎನ್‌ಐಟಿಕೆ, ಧಾರವಾಡದ ಐಐಟಿ, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಸಂಸ್ಥೆಗಳಿಗೆ ಮಕ್ಕಳನ್ನು ಕಳುಹಿಸುವ ಕುಟುಂಬಗಳು ಪ್ರವೇಶದ ವೇಳೆ ಕೇಳುವುದು ಕಟ್‌ಆಫ್ ಮತ್ತು ಸಂಬಳದ ಪ್ಯಾಕೇಜ್ ಬಗ್ಗೆ. ‘ನಮ್ಮ ಮಗು ಒಂದು ವಿಷಯದಲ್ಲಿ ಸೋತರೆ ನೀವೇನು ಮಾಡುತ್ತೀರಿ?’ ಎಂಬ ಪ್ರಶ್ನೆಯನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕಿದೆ. ಅದೇ ಪ್ರಶ್ನೆಯನ್ನು ಮಗು ಮನೆಯವರನ್ನು ಕೇಳಿದರೆ ಉತ್ತರ ಏನು ಎಂಬುದನ್ನೂ ಬೀಳ್ಕೊಡುವ ಮೊದಲೇ ತಿಳಿಸಿಬಿಡುವುದು ಒಳಿತು.

(ಮಾನಸಿಕ ಒತ್ತಡ ಎದುರಿಸುತ್ತಿರುವವರು ಮತ್ತು ಅವರ ಆಪ್ತರು ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಕನ್ನಡದಲ್ಲೂ ಲಭ್ಯವಿದೆ.)