ಆಯ್ಕೆ ನಿಸರ್ಗದ್ದೋ, ನೆಂಟಸ್ತನದ್ದೋ?

ದಾವಣಗೆರೆಯ ದೋಸೆ ಹೋಟೆಲುಗಳಲ್ಲಿ ಬೆಣ್ಣೆಗೆ ಲೆಕ್ಕ ಇಡುವವರಿಲ್ಲ. ಸೌದೆ ಒಲೆಯ ಕಾವಲಿಯ ಮೇಲೆ ಹಿಟ್ಟು ಹರಡಿ, ಅಂಚು ಕೆಂಪಾಗುವ ಹೊತ್ತಿಗೆ ಒಂದು ಮುದ್ದೆ; ತಟ್ಟೆಗೆ ಬಂದ ಮೇಲೆ ಇನ್ನೊಂದು ತುಣುಕು. ಇಷ್ಟು ತಿಂದು ಎದ್ದವರ ಹೊಟ್ಟೆ ತಕರಾರು ತೆಗೆಯುವುದು ಕಡಿಮೆ. ಅದೇ ಜನರಲ್ಲಿ ಹಲವರು ದೊಡ್ಡ ಲೋಟದ ತುಂಬ ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುತ್ತದೆ, ಉಬ್ಬರಿಸುತ್ತದೆ. ಎರಡೂ ಒಂದೇ ಎಮ್ಮೆಯ ಕೆಚ್ಚಲಿನಿಂದ ಬಂದದ್ದೇ. ವ್ಯತ್ಯಾಸವಿರುವುದು ಲ್ಯಾಕ್ಟೋಸ್ ಎಂಬ ಸಕ್ಕರೆಯಲ್ಲಿ: ಹಾಲಿನಲ್ಲಿ ಅದು ಶೇ 5ರ ಹತ್ತಿರ, ಬೆಣ್ಣೆಯಲ್ಲಿ ಶೇ 1ಕ್ಕಿಂತ ಕಡಿಮೆ.

ಈ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಎಳೆಯ ಮಕ್ಕಳ ಕರುಳಿನಲ್ಲಿ ಧಾರಾಳವಾಗಿರುತ್ತದೆ. ಎದೆಹಾಲು ಬಿಟ್ಟ ಮೇಲೆ ಜಗತ್ತಿನ ಹೆಚ್ಚಿನ ಜನರಲ್ಲಿ ಕ್ರಮೇಣ ಇಳಿಯುತ್ತದೆ. ವಂಶವಾಹಿಯಲ್ಲಿ ಸಣ್ಣದೊಂದು ಬದಲಾವಣೆ ಇದ್ದವರಿಗೆ ಮಾತ್ರ ಮುಪ್ಪಿನವರೆಗೂ ಉಳಿಯುತ್ತದೆ. ಭಾರತದ ಉದ್ದಗಲದ 2,284 ಡಿಎನ್‌ಎ ಮಾದರಿಗಳನ್ನು ನೋಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಭಾರತೀಯರಲ್ಲಿ ಕಾಣುವ ಈ ಬದಲಾವಣೆ ಯುರೋಪಿನವರದ್ದೇ, ಎರಡರ ಮೂಲವೂ ಒಂದೇ ಎಂದು ಅದು ತೋರಿಸಿತು. ವಾಯವ್ಯದಿಂದ ಆಗ್ನೇಯಕ್ಕೆ ಬಂದಂತೆ ಅದರ ಪ್ರಮಾಣ ಇಳಿಯುತ್ತದೆ. ದನಗಾಹಿ ಹಿನ್ನೆಲೆಯ ಕೆಲವು ಸಮುದಾಯಗಳಲ್ಲಿ ಮಾತ್ರ ಮತ್ತೆ ಏರುತ್ತದೆ.

ಹಾಲು ಅರಗಿಸುವ ಈ ಬದಲಾವಣೆ ನಿಸರ್ಗದ ಆಯ್ಕೆಗೆ ಪಠ್ಯಪುಸ್ತಕಗಳು ಕೊಡುವ ಅಚ್ಚುಮೆಚ್ಚಿನ ಉದಾಹರಣೆ. ಹಾಲು ಅರಗಿಸಿಕೊಂಡವರು ಹೆಚ್ಚು ಬದುಕಿದರು, ಅವರ ಮಕ್ಕಳು ಹೆಚ್ಚಿದರು ಎಂಬುದು ಕತೆಯ ಸಾರ. ಆದರೆ ಕತೆ ಅಷ್ಟು ಸಲೀಸಲ್ಲ. ಹಳೆಯ ಮಡಕೆ ಚೂರುಗಳಲ್ಲಿ ಉಳಿದ ಹಾಲಿನ ಜಿಡ್ಡನ್ನು ಪರೀಕ್ಷಿಸಿದ ಸಂಶೋಧಕರು, ಈ ಬದಲಾವಣೆ ವ್ಯಾಪಕವಾಗುವುದಕ್ಕೆ ಸಾವಿರಾರು ವರ್ಷ ಮೊದಲೇ ಯುರೋಪಿನವರು ಹಾಲು ಬಳಸುತ್ತಿದ್ದರು ಎಂದು 2022ರಲ್ಲಿ ವರದಿ ಮಾಡಿದರು. ಸುಖದ ದಿನಗಳಲ್ಲಿ ಹಾಲು ಕುಡಿದು ಹೊಟ್ಟೆ ಉಬ್ಬಿದರೆ ಯಾರೂ ಸಾಯುವುದಿಲ್ಲ. ಬರ ಬಂದು, ಮೈ ಬತ್ತಿ, ಬೇರೇನೂ ಸಿಗದೆ ಹಾಲನ್ನೇ ನೆಚ್ಚಿದಾಗ ಭೇದಿ ಹಿಡಿದರೆ ಜೀವಕ್ಕೇ ಕುತ್ತು. ನಿಸರ್ಗದ ಜರಡಿ ಆಡಿದ್ದು ಅಂಥ ಕಾಲದಲ್ಲಿರಬೇಕು ಎಂಬುದು ಅವರ ವಾದ.

ಹಾಗಾದರೆ ನಮ್ಮ ಅಡುಗೆಮನೆಗೆ ಒಂದು ಶಹಬ್ಬಾಸ್ ಸಲ್ಲಬೇಕು. ಹೆಪ್ಪು ಹಾಕಿದ ರಾತ್ರಿಯೇ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ತಿಂದು ಮುಗಿಸುತ್ತದೆ. ಮೊಸರು ಕಡೆದು ಬೆಣ್ಣೆ ತೆಗೆದು, ಉಳಿದದ್ದನ್ನು ನೀರು ಬೆರೆಸಿ ಮಜ್ಜಿಗೆ ಮಾಡಿ, ಬೆಣ್ಣೆಯನ್ನು ತುಪ್ಪಕ್ಕಿಟ್ಟರೆ ವಂಶವಾಹಿ ಮಾಡಬೇಕಾದ ಕೆಲಸದಲ್ಲಿ ಬಹಳಷ್ಟು ಮುಗಿದಂತೆಯೇ. ದಕ್ಷಿಣದಲ್ಲಿ ಆ ಬದಲಾವಣೆ ವಿರಳವಾಗಿಯೇ ಉಳಿದದ್ದಕ್ಕೆ ಮಜ್ಜಿಗೆಯೂ ಒಂದು ಕಾರಣವಿರಬಹುದೆಂದು ಊಹಿಸಿದರೆ ತಪ್ಪಲ್ಲ.

ತೊಂದರೆ ಶುರುವಾಗುವುದು ಈ ಒಂದು ಉದಾಹರಣೆಯನ್ನು ಎಲ್ಲದಕ್ಕೂ ಎಳೆದಾಗ. ಒಂದು ಸಮುದಾಯದಲ್ಲಿ ಏನೋ ವಿಶೇಷ ಕಂಡರೆ, ಅದು ನಿಸರ್ಗವೇ ಆರಿಸಿದ್ದು, ‘ನಮ್ಮ ರಕ್ತವೇ ಹಾಗೆ’ ಎಂದುಬಿಡುತ್ತೇವೆ. ಆಂಧ್ರದ ವೈಶ್ಯರನ್ನು ನೋಡಿ. ಅವರಲ್ಲಿ ಕೆಲವರಿಗೆ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ. ಹೊಲದಲ್ಲಾಗಲಿ ಅಂಗಡಿಯಲ್ಲಾಗಲಿ ಅದರಿಂದ ಏನೂ ಅಡ್ಡಿಯಿಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೊಟ್ಟರೆ, ಉಳಿದವರಲ್ಲಿ ಕೆಲವೇ ನಿಮಿಷಕ್ಕೆ ಇಳಿಯುವ ಔಷಧ ಇವರಲ್ಲಿ ಗಂಟೆಗಟ್ಟಲೆ ಇಳಿಯದು. ಉಸಿರಾಟಕ್ಕೆ ಯಂತ್ರವೇ ಬೇಕಾಗುತ್ತದೆ. ಆ ಔಷಧ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಅದಕ್ಕೂ ಮುಂಚೆ ನಿಸರ್ಗಕ್ಕೆ ಈ ಕೊರತೆ ಕಾಣುವಂತೆಯೇ ಇರಲಿಲ್ಲ, ಇನ್ನು ಆರಿಸುವುದೆಲ್ಲಿ? ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್, ಲಾಲ್ಜಿ ಸಿಂಗ್ ಅವರು ತಳಿವಿಜ್ಞಾನಿ ಡೇವಿಡ್ ರೈಖ್ ಅವರ ಜೊತೆಗೂಡಿ 2009ರಲ್ಲಿ ತೋರಿಸಿದಂತೆ, ಸಣ್ಣದೊಂದು ಪೂರ್ವಜರ ಗುಂಪಿನಿಂದ ಬಂದ ಈ ಸಮುದಾಯ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ತನ್ನೊಳಗೇ ಹೆಣ್ಣು ಕೊಟ್ಟು ತಂದಿದೆ. ಪೂರ್ವಜರಲ್ಲಿ ಯಾರೋ ಒಬ್ಬರಲ್ಲಿದ್ದದ್ದು ಹೀಗೆ ಹಲವರಿಗೆ ಹಂಚಿಹೋಯಿತು.

ದಾವಣಗೆರೆಯ ಪಕ್ಕದ ಶಿವಮೊಗ್ಗ ಜಿಲ್ಲೆಯ ಹಂದಿಗೋಡಿನ ಕತೆ ಇನ್ನೂ ಕಠೋರ. 1970ರ ದಶಕದಲ್ಲಿ ಬೆಳಕಿಗೆ ಬಂದ, ಕೀಲುಮೂಳೆಗಳನ್ನು ಸವೆಸಿ ಕುಳ್ಳಾಗಿಸುವ, ನಡೆಯಲಾಗದಂತೆ ಮಾಡುವ ಆ ಕಾಯಿಲೆಗೆ ಮೊದಲು ಗದ್ದೆಯ ಕೀಟನಾಶಕದ ಮೇಲೆ ಗುಮಾನಿ ಬಿತ್ತು. ಆಮೇಲೆ ತಿಳಿದದ್ದು ಅದು ವಂಶಪಾರಂಪರ್ಯ ಎಂದು. ಇದರಿಂದ ಯಾರಿಗೂ ಯಾವ ಲಾಭವೂ ಇಲ್ಲ.

ತಮ್ಮೊಳಗೇ ಹೆಣ್ಣು ಕೊಟ್ಟು ತರುವ ರೂಢಿ ಕೈಗಾರಿಕೆ ಬಂದ ಮೇಲೂ ಅಷ್ಟಾಗಿ ಸಡಿಲಲಿಲ್ಲ. ದಾವಣಗೆರೆಯ ಹತ್ತಿಗಿರಣಿಗಳು, 1941ರಲ್ಲಿ ಹರಿಹರಕ್ಕೆ ಬಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ, ಆಮೇಲಿನ ಪಾಲಿಫೈಬರ್ಸ್ ಕಾರ್ಖಾನೆ ಎಲ್ಲೆಲ್ಲಿಂದಲೋ ಬಂದ ಜನರನ್ನು ಒಂದೇ ಪಾಳಿಗೆ ನಿಲ್ಲಿಸಿದವು. ಜನ ಕೆಲಸದಲ್ಲಿ ಬೆರೆತರು, ಬೀಗತನದಲ್ಲಿ ಅಷ್ಟಾಗಿ ಬೆರೆಯಲಿಲ್ಲ. ಕರ್ನಾಟಕದಲ್ಲಿ ಇವತ್ತಿಗೂ ಸುಮಾರು ಕಾಲು ಭಾಗ ಮದುವೆಗಳು ರಕ್ತಸಂಬಂಧದೊಳಗೇ ನಡೆಯುತ್ತವೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಹಕ್ಕಿನ ಮಾತು. ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿದ್ದ ದೋಷ ಮಗುವಿನಲ್ಲಿ ಕೂಡುವುದಕ್ಕೆ ಇಂಥ ಮದುವೆಗಳಲ್ಲಿ ಹಾದಿ ಸಲೀಸು.

ಆದರೂ ಎಲ್ಲ ತಪ್ಪನ್ನೂ ನೆಂಟಸ್ತನದ ತಲೆಗೆ ಕಟ್ಟುವಂತಿಲ್ಲ. ಕುಸುಮರೋಗ, ಅಂದರೆ ಹಿಮೋಫಿಲಿಯಾ ಇದಕ್ಕೆ ಸಾಕ್ಷಿ. ಆ ರೋಗಿಗಳಿಗಾಗಿ ದುಡಿಯುವ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ದಾವಣಗೆರೆಯಲ್ಲೇ. ತೀವ್ರ ರೋಗದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮನೆತನದಲ್ಲಿ ಈ ರೋಗದ ಚರಿತ್ರೆಯೇ ಇರುವುದಿಲ್ಲ. ಬದಲಾವಣೆ ಹೊಸದಾಗಿ ಹುಟ್ಟಿರುತ್ತದೆ. ರಕ್ತ ನಿಲ್ಲದ ಗಂಡುಮಕ್ಕಳನ್ನು ನಿಸರ್ಗ ಎಷ್ಟು ತಲೆಮಾರು ಕೊಂದರೂ ರೋಗ ಅಳಿಯದಿರುವುದು ಇದರಿಂದಲೇ. ಯಾವ ಜಾತಿಯೂ ಇದಕ್ಕೆ ಹೊರತಲ್ಲ.

ಮನುಷ್ಯರ ಆನುವಂಶಿಕ ವೈವಿಧ್ಯದಲ್ಲಿ ಶೇ 85ರಷ್ಟು ಒಂದೊಂದು ಸಮುದಾಯದ ಒಳಗೇ ಇದೆ ಎಂದು ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ 1972ರಲ್ಲಿ ಲೆಕ್ಕ ಹಾಕಿದರು. ಹಲವು ವಂಶವಾಹಿಗಳನ್ನು ಒಟ್ಟಿಗೆ ನೋಡಿದರೆ ಗುಂಪುಗಳನ್ನು ಗುರುತಿಸಬಹುದು ಎಂದು ಎ.ಡಬ್ಲ್ಯು.ಎಫ್. ಎಡ್ವರ್ಡ್ಸ್ 2003ರಲ್ಲಿ ತಕರಾರು ತೆಗೆದರು. ಎರಡೂ ನಿಜ. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೆ ರೋಗಿಯ ಜಾತಿಯ ಹೆಸರು ಒಂದು ಸುಳಿವು ಮಾತ್ರ. ಅದಕ್ಕಿಂತ ಹೆಚ್ಚಿನದನ್ನು ಹೇಳುವ ಪ್ರಶ್ನೆಗಳು ಬೇರೆ: ಅಪ್ಪ ಅಮ್ಮ ಸಂಬಂಧಿಕರೇ? ಆಪರೇಷನ್ ಆದ ಮೇಲೆ ಎಚ್ಚರವಾಗಲು, ಉಸಿರಾಡಲು ಮನೆಯಲ್ಲಿ ಯಾರಾದರೂ ಕಷ್ಟಪಟ್ಟಿದ್ದರೇ? ಹಲ್ಲು ಕೀಳಿಸಿಕೊಂಡಾಗ ಸೋದರಮಾವನಿಗೆ ರಕ್ತ ನಿಲ್ಲದೆ ಹೋಗಿತ್ತೇ?