ದಂಡನಾಯಕನ ಬದಲಾವಣೆ ಮತ್ತು ಜನಮನ: ಅಮರಸುಳ್ಯದಿಂದ ಕೀವ್‌ವರೆಗೆ

2024ರ ಫೆಬ್ರವರಿ 8ರಂದು ಉಕ್ರೇನ್ ಅಧ್ಯಕ್ಷ ವೊಲೊದಿಮಿರ್ ಝೆಲೆನ್‌ಸ್ಕಿ ಅವರು ತಮ್ಮ ಸೇನೆಯ ಮಹಾದಂಡನಾಯಕ ವಲೇರಿ ಝಲುಝ್ನಿ ಅವರನ್ನು ಆ ಹುದ್ದೆಯಿಂದ ಬಿಡಿಸಿ, ಭೂಸೇನೆಯ ಮುಖ್ಯಸ್ಥರಾಗಿದ್ದ ಒಲೆಕ್ಸಾಂದರ್ ಸಿರ್‌ಸ್ಕಿ ಅವರನ್ನು ನೇಮಿಸಿದರು. ರಷ್ಯದ ಪೂರ್ಣಪ್ರಮಾಣದ ದಾಳಿಗೆ ಎರಡು ವರ್ಷ ತುಂಬಲು ಇನ್ನು ಹದಿನಾರು ದಿನಗಳಷ್ಟೇ ಉಳಿದಿದ್ದವು. ಇದಕ್ಕೆ ಎರಡು ತಿಂಗಳ ಮುಂಚೆ ಕೀವ್ ಅಂತರರಾಷ್ಟ್ರೀಯ ಸಮಾಜಶಾಸ್ತ್ರ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 88 ಮಂದಿ ಝಲುಝ್ನಿ ಅವರಲ್ಲಿ ವಿಶ್ವಾಸ ತೋರಿದ್ದರು. ಅವರನ್ನು ತೆಗೆದರೆ ಅದನ್ನು ಒಪ್ಪುವುದಿಲ್ಲವೆಂದು 72 ಮಂದಿ ಹೇಳಿದ್ದರು. ಇಷ್ಟು ಸ್ಪಷ್ಟವಾಗಿ ತಿಳಿದಿದ್ದ ಜನಾಭಿಪ್ರಾಯಕ್ಕೆ ವಿರುದ್ಧವಾಗಿ, ಶತ್ರು ಎದುರಿಗೆ ನಿಂತಿರುವಾಗಲೇ, ಪ್ರಭುತ್ವವು ತನ್ನ ದಂಡನಾಯಕನನ್ನು ಬದಲಿಸಿತು.

ನಮ್ಮ ಮಠದ ಕಾರ್ಯಕ್ರಮಗಳಿಗೆ ಪುತ್ತೂರು, ಸುಳ್ಯ, ಕಡಬಗಳಿಂದ ಬರುವ ಭಕ್ತರಲ್ಲಿ ಸೈನ್ಯದಲ್ಲಿ ದುಡಿದು ನಿವೃತ್ತರಾದವರು ಕೆಲವರಿದ್ದಾರೆ. ಅವರಲ್ಲೊಬ್ಬರು ಈ ಸುದ್ದಿಯನ್ನು ಹಿಡಿದುಕೊಂಡು ಬಂದು, ಗೆಲ್ಲಿಸಿದವನನ್ನೇ ನಡುಯುದ್ಧದಲ್ಲಿ ಇಳಿಸಿದರೆ ಆ ಜನ ಸುಮ್ಮನಿರುವುದು ಹೇಗೆ ಎಂದು ನಮ್ಮನ್ನು ಕೇಳಿದರು. ಆಗ ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಅವರು ಹೊರಟುಹೋದ ಮೇಲೆ ಹೊಳೆಯಿತು, ಈ ಪ್ರಶ್ನೆಗೆ ಉತ್ತರವನ್ನು ಕೀವ್‌ನಲ್ಲಿ ಹುಡುಕುವುದಕ್ಕಿಂತ ಮೊದಲು ಅವರ ಊರಿನಲ್ಲೇ ಹುಡುಕಬೇಕಾಗಿತ್ತು ಎಂದು. 2024ರ ಮಾರ್ಚ್ 30ಕ್ಕೆ ಅಮರಸುಳ್ಯದ ಸಮರ ಆರಂಭವಾಗಿ 187 ವರ್ಷ ತುಂಬಿತು. ಆ ಸಮರದ ನಾಯಕನನ್ನು ಅದು ಆರಂಭವಾಗುವ ಮೊದಲೇ ಬದಲಿಸಲಾಗಿತ್ತು. ಬದಲಿಸಿದ ಸಂಗತಿ ಅವನ ಹಿಂದೆ ನಡೆದ ಜನರಿಗೆ ತಿಳಿಯದಂತೆ ನೋಡಿಕೊಳ್ಳಲಾಗಿತ್ತು.

ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳಬೇಕು. ಅಮರಸುಳ್ಯ, ಪಂಜ, ಬೆಳ್ಳಾರೆ, ಪುತ್ತೂರು ಸೀಮೆಗಳು ಘಟ್ಟದ ಕೆಳಗಿದ್ದರೂ ಕೊಡಗಿನ ಹಾಲೇರಿ ಅರಸರ ಆಳ್ವಿಕೆಗೆ ಸೇರಿದ್ದವು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಈ ಸೀಮೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಹಾಲೇರಿ ಅರಸರ ಕಾಲದಲ್ಲಿ ರೈತನು ಬೆಳೆದದ್ದರಲ್ಲೇ ಒಂದು ಪಾಲನ್ನು ಕಂದಾಯವಾಗಿ ಅಳೆದು ಕೊಡುತ್ತಿದ್ದನು. ಕಂಪನಿ ನಗದು ಕೇಳಿತು. ನಗದು ಬೇಕಾದರೆ ಫಸಲನ್ನು ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲವೇ ಸಾಲ ಮಾಡಬೇಕು. ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರವೂ ಕಂಪನಿಯ ಹಿಡಿತದಲ್ಲಿತ್ತು. ಹಳೆಯ ಅರಸನ ಗುಣದೋಷ ಏನೇ ಇರಲಿ (ಅವನ ಕ್ರೌರ್ಯದ ಕಥೆಗಳು ಕಡಿಮೆಯೇನೂ ಇಲ್ಲ), ಮೂರು ವರ್ಷಗಳಲ್ಲಿ ಜನರಿಗೆ ಹಾಲೇರಿಯ ಹೆಸರು ಮತ್ತೆ ಪ್ರಿಯವಾಗತೊಡಗಿತು.

ಈ ಪ್ರೀತಿಯನ್ನು ನಂಬಿಕೊಂಡು ಹಾಲೇರಿ ವಂಶದ ವಾರಸುದಾರರೆಂದು ಹೇಳಿಕೊಂಡ ಕೆಲವರು ಜಂಗಮವೇಷದಲ್ಲಿ ಸಂಚರಿಸಿದರು. ಮೊದಲು ಅಪರಂಪರಸ್ವಾಮಿ ಎಂಬಾತ ಕಾಣಿಸಿಕೊಂಡನು. ಕಂಪನಿ ಅವನನ್ನು ಹಿಡಿದು ಸೆರೆಯಲ್ಲಿಟ್ಟಿತು. ಅವನ ಬಳಿಕ ಕಲ್ಯಾಣಸ್ವಾಮಿ ಎಂಬಾತ ಬಂದನು. ಜನ ಅವನನ್ನು ನಂಬಿದರು, ಹೆಸರು ಊರಿಂದೂರಿಗೆ ಹಬ್ಬಿತು. 1837ರಲ್ಲಿ ಅವನೂ ಸೆರೆಸಿಕ್ಕನು.

ಸಾಮಾನ್ಯವಾಗಿ ಇಂಥ ಚಳವಳಿ ಅಲ್ಲಿಗೇ ಮುಗಿಯಬೇಕು, ಆದರೆ ಮುಗಿಯಲಿಲ್ಲ. ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯ ಗೌಡ ಮತ್ತು ಅವರ ಸಂಗಡಿಗರಿಗೆ ಒಂದು ಮಾತು ಚೆನ್ನಾಗಿ ತಿಳಿದಿತ್ತು: ಕೆಳಗಿನ ಸೀಮೆಯ ರೈತ ರಾಮಯ್ಯ ಗೌಡರ ಮಾತಿಗೆ ಎದ್ದುಬರಬಹುದು, ಆದರೆ ಘಟ್ಟದ ಮೇಲಿನವರೂ ಮಂಗಳೂರು ಕಡೆಯವರೂ ಕೂಡಿ ಬರಬೇಕಾದರೆ ಕಲ್ಯಾಣಸ್ವಾಮಿಯೇ ಬೇಕು. ಆದ್ದರಿಂದ ಘಟ್ಟದ ಮೇಲಿನ ರೈತ ಪುಟ್ಟಬಸಪ್ಪನನ್ನು ಕರೆತಂದು ಅವನಿಗೇ ಕಲ್ಯಾಣಸ್ವಾಮಿ ಎಂಬ ಹೆಸರನ್ನಿಟ್ಟು ಮುಂದೆ ನಿಲ್ಲಿಸಿದರು. ಮಗನ ಮದುವೆಯ ನೆಪದಲ್ಲಿ ರಾಮಯ್ಯ ಗೌಡರು ಜನರನ್ನು ಸೇರಿಸಿದರೆಂದೂ ಆ ಸ್ಥಳಕ್ಕೆ ಅದರಿಂದಲೇ ಮದುವೆಗದ್ದೆ ಎಂಬ ಹೆಸರು ಬಂದಿತೆಂದೂ ಸುಳ್ಯ ಕಡೆಯವರು ಹೇಳುತ್ತಾರೆ.

ಬೆಳ್ಳಾರೆಯ ಖಜಾನೆ ವಶವಾಯಿತು. ಪುತ್ತೂರು ಕೈಸೇರಿತು. ಮಂಗಳೂರಿನಿಂದ ಸಿಪಾಯಿಗಳೊಡನೆ ಪುತ್ತೂರಿಗೆ ಬಂದ ಕಲೆಕ್ಟರ್ ಲೆವಿನ್ ಹಿಂದಿರುಗಬೇಕಾಯಿತು. ದಾರಿಯುದ್ದಕ್ಕೂ ಜನ ಕೂಡಿಕೊಳ್ಳುತ್ತ ಪಾಣೆಮಂಗಳೂರು, ಬಂಟ್ವಾಳ ದಾಟಿ, ಏಪ್ರಿಲ್ 5ರಂದು ಮಂಗಳೂರನ್ನು ಸೇರಿದರು. ಕಚೇರಿಗೆ ಬೆಂಕಿ ಬಿತ್ತು, ಸೆರೆಮನೆಯ ಬಾಗಿಲು ತೆರೆಯಿತು, ಆಂಗ್ಲರು ಹಡಗು ಹತ್ತಿ ಕಣ್ಣೂರಿನ ಕಡೆಗೆ ಸರಿದರು. ಬಾವುಟಗುಡ್ಡೆಯಲ್ಲಿ ಧ್ವಜ ಏರಿತು. ಹದಿಮೂರು ದಿನಗಳ ಕಾಲ ಮಂಗಳೂರು ರೈತರ ಕೈಯಲ್ಲಿತ್ತು ಎಂದು ಈ ಭಾಗದ ಇತಿಹಾಸಕಾರರು ಬರೆದಿದ್ದಾರೆ. 1857ಕ್ಕಿಂತ ಇಪ್ಪತ್ತು ವರ್ಷ ಹಿಂದಿನ ಮಾತು ಇದು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗಿದೆ. ಹಾಲೇರಿ ಅರಸರು ಲಿಂಗವಂತರು. ಕಲ್ಯಾಣಸ್ವಾಮಿಯ ವೇಷ ಜಂಗಮನದು. ಆದುದರಿಂದ ಈ ಪ್ರಕರಣವನ್ನು ಹೊಗಳಿ ಬರೆಯುವುದು ಮಠವೊಂದರ ಕಾರ್ಯದರ್ಶಿಗಳಾದ ನಮಗೆ ಬಹಳ ಸುಲಭ. ಆದರೆ ನಮ್ಮ ಮನಸ್ಸಿಗೆ ಒಂದು ಮುಳ್ಳು ಚುಚ್ಚುತ್ತಲೇ ಇದೆ. ಜನ ಜಂಗಮವೇಷವನ್ನು ನೋಡಿ ಕೈಮುಗಿದರು. ವೇಷದ ಒಳಗಿದ್ದವನು ತಾನು ಹೇಳಿಕೊಂಡವನಾಗಿರಲಿಲ್ಲ. ಕಂದಾಯದ ಸಂಕಟ ನಿಜ, ಪುಟ್ಟಬಸಪ್ಪನ ಧೈರ್ಯವೂ ನಿಜ. ಇನ್ನೊಬ್ಬನ ಹೆಸರಿನಲ್ಲಿ ಗಲ್ಲಿಗೇರುವುದಕ್ಕೂ ಸಿದ್ಧನಾದವನನ್ನು ವಂಚಕನೆಂದು ಕರೆಯಲು ನಮಗೆ ನಾಲಗೆ ಬಾರದು. ಆದರೂ ಪ್ರಾಣವನ್ನೇ ಪಣಕ್ಕಿಟ್ಟು ಬಂದ ರೈತನಿಗೆ ತಾನು ಯಾರ ಹಿಂದೆ ನಡೆಯುತ್ತಿದ್ದೇನೆ ಎಂದು ತಿಳಿಯುವ ಹಕ್ಕು ಇತ್ತು.

ಆ ಮರೆಮಾಚುವಿಕೆಗೆ ಬೆಲೆ ತೆರಬೇಕಾಯಿತೆಂದೇ ನಮ್ಮ ಅಭಿಪ್ರಾಯ. ಘಟ್ಟದ ಕೆಳಗೆ ಹೆಸರೇ ಸಾಕಾಯಿತು. ಘಟ್ಟದ ಮೇಲೆ, ಅರಮನೆಯನ್ನೂ ಅರಸು ವಂಶವನ್ನೂ ಹತ್ತಿರದಿಂದ ಕಂಡಿದ್ದ ಕೊಡಗಿನ ದಿವಾನರು ಕಂಪನಿಯ ಪಕ್ಷ ನಿಂತರು. ಅವರ ನಿಲುವಿಗೆ ಅಧಿಕಾರದ ಆಸೆ, ಹಳೆಯ ಅರಸನ ಮೇಲಿನ ಸಿಟ್ಟು ಮುಂತಾದ ಬೇರೆ ಕಾರಣಗಳೂ ಇದ್ದುವು. ಆದರೆ ನಿಜವಾದ ವಾರಸುದಾರನಲ್ಲವೆಂದು ಹೇಳಿ ಜನರನ್ನು ಹಿಂದಕ್ಕೆ ಎಳೆಯುವುದು ಅವರಿಗೆ ಸುಲಭವಾಯಿತು. ಕಂಪನಿಗೆ ನಿಷ್ಠರಾಗಿ ನಿಂತವರಿಗೆ ಚಿನ್ನ ಮತ್ತು ಬೆಳ್ಳಿಯ ಪದಕಗಳು ಬಂದುವು. ಕಣ್ಣೂರಿನ ಸೈನ್ಯ ಬಂದ ಮೇಲೆ ಮಂಗಳೂರು ಉಳಿಯಲಿಲ್ಲ. ಪುಟ್ಟಬಸಪ್ಪನನ್ನೂ ನಂದಾವರದ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಸುಳ್ಯದಿಂದ ಘಟ್ಟ ಹತ್ತಿದರೆ ಮಡಿಕೇರಿ. ಅಲ್ಲಿ 1906ರಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಪ್ರಸಂಗ ಇದಕ್ಕಿಂತ ಬೇರೆ ಬಗೆಯದು, ಆದರೆ ನಮ್ಮ ಪ್ರಶ್ನೆಗೆ ಹತ್ತಿರದ್ದು. 1948ರ ನವೆಂಬರಿನಲ್ಲಿ ಝೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದ ಸೇನಾನಿಯೆಂದು, ಕೊರಿಯಾ ಯುದ್ಧಾನಂತರ ಯುದ್ಧಕೈದಿಗಳ ಸಮಸ್ಯೆಯನ್ನು ನಿಭಾಯಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರೆಂದು ಅವರು ದೇಶಕ್ಕೆಲ್ಲ ಬೇಕಾದವರಾಗಿದ್ದರು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರೊಡನೆ ಹೊಂದಿಕೆಯಾಗದೆ 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಅವರು ಮನವೊಲಿಸಿ ಅದನ್ನು ಹಿಂತೆಗೆಸಿದರು. ಆ ಬಳಿಕ ಸಂಸತ್ತಿನಲ್ಲಿ ನಾಗರಿಕ ಪ್ರಭುತ್ವವೇ ಮೇಲು ಎಂದು ಸಾರುತ್ತ ದಂಡನಾಯಕರ ನಡೆಯನ್ನೇ ಟೀಕಿಸಿದರು. ತತ್ತ್ವ ಸರಿಯಾದುದೇ. ದಂಡನಾಯಕನ ಜನಪ್ರಿಯತೆ ಪ್ರಭುತ್ವವನ್ನು ಆಳುವಂತಾದರೆ ಪ್ರಜಾರಾಜ್ಯ ಉಳಿಯುವುದಿಲ್ಲವೆಂಬುದಕ್ಕೆ ನೆರೆಯ ದೇಶಗಳೇ ಸಾಕ್ಷಿ. ಆದರೆ ದಂಡನಾಯಕರ ಅಸಮಾಧಾನಕ್ಕೆ ಕಾರಣವೇನೆಂಬ ಪ್ರಶ್ನೆ ಆ ತತ್ತ್ವದ ಮರೆಯಲ್ಲಿ ಉಳಿದುಹೋಯಿತು. 1961ರಲ್ಲಿ ತಿಮ್ಮಯ್ಯನವರು ನಿವೃತ್ತರಾದರು.

ಮರುವರ್ಷ ಯುದ್ಧ ಬಂದಿತು. ಥಗ್ಲಾ ಶ್ರೇಣಿಯ ಕಡೆಗೆ ಮುನ್ನುಗ್ಗಲು ಸಾಮಗ್ರಿಯೂ ಚಳಿಬಟ್ಟೆಯೂ ಸಾಲದೆಂದು ಆಕ್ಷೇಪಿಸಿದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್ ಅವರ ಕೈಯಿಂದ ಆ ಗಡಿಯ ಹೊಣೆಯನ್ನು 1962ರ ಅಕ್ಟೋಬರ್ ಮೊದಲ ವಾರದಲ್ಲಿ ತೆಗೆದು, ಹೊಸದಾಗಿ ರಚಿಸಿದ ನಾಲ್ಕನೆಯ ಕೋರ್‌ಗೆ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಅವರನ್ನು ನೇಮಿಸಲಾಯಿತು. ಕೌಲ್ ಅವರು ಅಸ್ವಸ್ಥರಾಗಿ ದೆಹಲಿಗೆ ಬಂದರು. ಕೆಲವೇ ದಿನಗಳ ಮಟ್ಟಿಗೆ ಹರ್‌ಬಕ್ಷ್ ಸಿಂಗ್ ಅವರು ಆ ಸ್ಥಾನದಲ್ಲಿದ್ದರು. ಮತ್ತೆ ಕೌಲ್ ಅವರೇ ಹಿಂದಿರುಗಿದರು. ಒಂದು ತಿಂಗಳಲ್ಲಿ ಮೂರು ಬದಲಾವಣೆ! ಸೇಲಾ ಕೈಬಿಟ್ಟ ಮೇಲೆ ಭೂಸೇನಾ ಮುಖ್ಯಸ್ಥ ಪಿ.ಎನ್. ಥಾಪರ್ ಅವರೂ ಹುದ್ದೆ ಬಿಟ್ಟರು. ಅಷ್ಟರಲ್ಲಿ ಜನರ ಸಿಟ್ಟು ಸೇನಾನಿಗಳನ್ನು ದಾಟಿ ಹೋಗಿತ್ತು. ನವೆಂಬರ್ ಮೊದಲ ವಾರದಲ್ಲೇ ಕೃಷ್ಣ ಮೆನನ್ ಅವರು ಮಂತ್ರಿಮಂಡಲದಿಂದ ಹೊರಹೋಗಬೇಕಾಯಿತು. ಸೋಲಿನ ಕಾರಣಗಳನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರಕಾರ ಇಂದಿಗೂ ಪ್ರಕಟಿಸಿಲ್ಲ. ಅರವತ್ತು ವರ್ಷ ಕಳೆದರೂ ಯಾರನ್ನು ಏಕೆ ಬದಲಿಸಿದರು ಎಂಬುದಕ್ಕೆ ಅಧಿಕೃತ ಉತ್ತರವಿಲ್ಲದ ಕಾರಣ ಊಹೆಯೇ ಇತಿಹಾಸದ ಜಾಗದಲ್ಲಿ ಕುಳಿತಿದೆ.

ಇಷ್ಟನ್ನು ಮುಂದಿಟ್ಟುಕೊಂಡು ಕೀವ್‌ನ ಸುದ್ದಿಯನ್ನು ಓದಿದರೆ ಅದು ಬೇರೆಯಾಗಿ ಕಾಣುತ್ತದೆ. ಝೆಲೆನ್‌ಸ್ಕಿ ಅವರಿಗೆ ಬದಲಿಸುವ ಅಧಿಕಾರವಿತ್ತು, ಅದರಲ್ಲಿ ತಕರಾರಿಲ್ಲ. 2023ರ ಪ್ರತಿದಾಳಿ ನಿರೀಕ್ಷಿತ ಫಲ ಕೊಟ್ಟಿರಲಿಲ್ಲ. ಯುದ್ಧವು ಮುಂದುವರಿಯದ ಸ್ಥಿತಿಗೆ ಬಂದಿದೆಯೆಂದು ಝಲುಝ್ನಿ ಅವರು ನವೆಂಬರಿನಲ್ಲಿ ಬ್ರಿಟನ್ನಿನ ಪತ್ರಿಕೆಯೊಂದಕ್ಕೆ ಬಹಿರಂಗವಾಗಿ ಹೇಳಿದರು, ಅಧ್ಯಕ್ಷರು ಅದನ್ನು ಒಪ್ಪಲಿಲ್ಲ. ಐದು ಲಕ್ಷದಷ್ಟು ಹೊಸ ಸೈನಿಕರು ಬೇಕೆಂದು ಸೇನೆ ಕೇಳಿತೆಂದು ಅಧ್ಯಕ್ಷರು ಹೇಳಿದರೆ, ತಾವು ಅಂಥ ಸಂಖ್ಯೆಯನ್ನು ಕೇಳಿಲ್ಲವೆಂದು ದಂಡನಾಯಕರು ಹೇಳಿದರು. ಇಬ್ಬರ ನಡುವೆ ಹೀಗೆ ಮಾತು ತಪ್ಪಿದ ಮೇಲೆ ಒಬ್ಬರು ಹೋಗಲೇಬೇಕಿತ್ತು. ಆದರೆ ಜನರಿಗೆ ದೊರೆತ ಕಾರಣ ‘ಹೊಸತನ ಬೇಕು’ ಎಂಬಷ್ಟೇ. ವಿದಾಯಕ್ಕೆ ಕುಂದು ಬರಲಿಲ್ಲ: ಇಬ್ಬರೂ ನಗುತ್ತ ನಿಂತ ಚಿತ್ರ ಬಂತು, ಮರುದಿನ ‘ಉಕ್ರೇನಿನ ವೀರ’ ಬಿರುದು ಬಂತು, 2024ರ ಮಾರ್ಚ್ ತಿಂಗಳಲ್ಲಿ ಲಂಡನ್ನಿಗೆ ರಾಯಭಾರಿಯಾಗಿ ಕಳುಹಿಸುವ ಘೋಷಣೆಯೂ ಆಯಿತು. ಬದಲಾವಣೆಯಾದ ಒಂಬತ್ತನೆಯ ದಿನ, ಫೆಬ್ರವರಿ 17ರಂದು, ಅವ್‌ದೀವ್ಕಾ ನಗರ ಕೈಬಿಟ್ಟಿತು. ಬಖ್ಮುತ್ ಕಾಳಗದ ಕಾಲದಿಂದಲೂ ಸೈನಿಕರ ಪ್ರಾಣವನ್ನು ಲೆಕ್ಕಿಸದವರೆಂಬ ಅಪವಾದ ಹೊತ್ತಿದ್ದ ಸಿರ್‌ಸ್ಕಿ ಅವರು ಈ ಸಲ ಸೈನಿಕರನ್ನು ಉಳಿಸಲೆಂದೇ ಹಿಂದೆಗೆದುಕೊಂಡರು. 2022ರಲ್ಲಿ ಕೀವ್ ನಗರದ ರಕ್ಷಣೆಯನ್ನು ನಡೆಸಿದವರೂ ಇವರೇ ಎಂಬುದು ಬಹುಮಂದಿಗೆ ನೆನಪಿಲ್ಲ.

ಆ ಜನ ಏಕೆ ಸುಮ್ಮನಿದ್ದಾರೆಂಬ ನಿವೃತ್ತ ಯೋಧರ ಪ್ರಶ್ನೆಗೆ ನಮಗೆ ಈಗ ತೋರುವ ಉತ್ತರವಿದು. ಅವರು ಒಪ್ಪಿ ಸುಮ್ಮನಿಲ್ಲ. ಶತ್ರು ಬಾಗಿಲಲ್ಲಿರುವಾಗ ಮನೆಯೊಳಗೆ ಜಗಳ ಬೇಡವೆಂದು ಸುಮ್ಮನಿದ್ದಾರೆ. ಮಗನನ್ನು ಕಂದಕದಲ್ಲಿ ಬಿಟ್ಟು ಬಂದ ತಾಯಿಗೆ ಝಲುಝ್ನಿ ಎಂದರೆ ತನ್ನ ಮಗನ ಪ್ರಾಣಕ್ಕೆ ಲೆಕ್ಕ ಇಡುತ್ತಿದ್ದಾನೆಂದು ತಾನು ನಂಬಿದ ಒಬ್ಬ ಮನುಷ್ಯ. ಆ ಲೆಕ್ಕವನ್ನು ಈಗ ಯಾರು ಇಡುತ್ತಾರೆ ಎಂದು ಅವಳಿಗೆ ಯಾರೂ ಸರಿಯಾಗಿ ಹೇಳಿಲ್ಲ. ಇದನ್ನು ವ್ಯಕ್ತಿಪೂಜೆ ಎಂದು ತಳ್ಳಿಹಾಕುವ ವಿಶ್ಲೇಷಕರನ್ನು ನಾವು ಒಪ್ಪುವುದಿಲ್ಲ. ಮಠಗಳಲ್ಲಿ ಪೀಠದ ಉತ್ತರಾಧಿಕಾರದ ಮಾತು ಬಂದಾಗ ಭಕ್ತರು ಹೇಗೆ ತಳಮಳಗೊಳ್ಳುತ್ತಾರೆ ಎಂಬುದನ್ನು ಕಣ್ಣಾರೆ ಕಂಡವರು ನಾವು. ಮುಂಚಿತವಾಗಿ ಕರೆದು ಕುಳ್ಳಿರಿಸಿ, ಕಾರಣ ತಿಳಿಸಿ ಮಾಡಿದ ಬದಲಾವಣೆಯನ್ನು ಅವರು ಕಣ್ಣೀರಿಟ್ಟಾದರೂ ಒಪ್ಪಿದ್ದಾರೆ. ಬೆಳಗಾಗುವುದರೊಳಗೆ ಫಲಕದಲ್ಲಿ ಹೆಸರು ಬದಲಾದರೆ ಹತ್ತು ವರ್ಷ ಕಳೆದರೂ ಆ ಮಾತನ್ನು ಬಿಡುವುದಿಲ್ಲ.

ಕಡಬ ತಾಲೂಕಿನ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ಈ ಸಮರದ ಮೇಲೆ ಬರೆದ ಕಾದಂಬರಿಗೂ ‘ಕಲ್ಯಾಣಸ್ವಾಮಿ’ ಎಂದೇ ಹೆಸರಿಟ್ಟರು. ಬಾವುಟಗುಡ್ಡೆಯಲ್ಲಿ 2022ರ ನವೆಂಬರಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿದೆ. ಊರ ಹಿರಿಯರ ಬಾಯಲ್ಲಿ ಆ ಸಮರ ಇಂದಿಗೂ ‘ಕಲ್ಯಾಣಪ್ಪನ ಕಾಟಕಾಯಿ’. ಮಂಗಳೂರಿನವರೆಗೆ ನಡೆದು ಗಲ್ಲಿಗೇರಿದ ಪುಟ್ಟಬಸಪ್ಪ ತನ್ನದಲ್ಲದ ಆ ಹೆಸರಿನಲ್ಲಿಯೇ ಉಳಿದಿದ್ದಾನೆ.